ತಾಳ್ಮೆಯ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರ: ಮಲ್ಲಿಕಟ್ಟೆಯ ಒಂದು ಸಂಜೆ ತರಗತಿ

ಮಂಗಳೂರಿನ ಮಲ್ಲಿಕಟ್ಟೆಯ ಸಮೀಪ ಒಂದು ಮನೆಯ ಮೇಲ್ಮಹಡಿಯಲ್ಲಿ, ಸಂಜೆ ಆರರಿಂದ ಏಳೂವರೆಯವರೆಗೆ ನಡೆಯುವ ಐಇಎಲ್‌ಟಿಎಸ್ (ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ) ಸ್ಪೀಕಿಂಗ್ ತರಗತಿಗೆ ನಾನು ಆರು ವಾರ ಹೋಗಿ ಬಂದಿದ್ದೇನೆ. ನಿವೃತ್ತ ಇಂಗ್ಲಿಷ್ ಉಪನ್ಯಾಸಕಿಯೊಬ್ಬರು ಒಬ್ಬರೇ ನಡೆಸುವ ಈ ತರಗತಿಗೆ ಹೊರಗೆ ಒಂದು ಬೋರ್ಡು ಕೂಡ ಇಲ್ಲ. ನಮ್ಮ ಆಸ್ಪತ್ರೆಯ ನರ್ಸುಗಳ ನಡುವೆ ಒಬ್ಬರಿಂದ ಒಬ್ಬರಿಗೆ ತಿಳಿದುಬಂದ ಜಾಗ ಇದು. ತಮ್ಮ ಹೆಸರು ಎಲ್ಲಿಯೂ ಬರುವುದು ಬೇಡವೆಂದು ಮೇಡಂ ಹೇಳಿರುವುದರಿಂದ ಅದನ್ನು ಬರೆಯುತ್ತಿಲ್ಲ. ಆದರೆ ಅಲ್ಲಿ ಏನು ಕಲಿಸುತ್ತಾರೆ, ಹೇಗೆ ಕಲಿಸುತ್ತಾರೆ ಎಂಬುದನ್ನು, ಪರೀಕ್ಷೆಗೆ ಹದಿನೈದು ಸಾವಿರಕ್ಕೂ ಮೀರಿದ ಶುಲ್ಕ ಕಟ್ಟಿ ಆತಂಕದಲ್ಲಿರುವವರಿಗಾಗಿ ವಿವರವಾಗಿ ಬರೆಯಬೇಕೆನಿಸಿತು.

ನಾನು ಸ್ಟಾಫ್ ನರ್ಸ್. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ಲಿನಲ್ಲಿ ನೋಂದಣಿಯಾಗಲು ಐಇಎಲ್‌ಟಿಎಸ್ ಅಕಾಡೆಮಿಕ್ ಮೂಲಕ ಹೋಗುವವರಿಗೆ ಕೇಳುವುದು, ಓದುವುದು, ಮಾತನಾಡುವುದು ಈ ಮೂರರಲ್ಲಿ 7, ಬರೆಯುವುದರಲ್ಲಿ 6.5 ಬ್ಯಾಂಡ್, ಅಂದರೆ ಅಂಕದ ದರ್ಜೆ, ಬೇಕು. ಮೊದಲ ಸಲ ನನಗೆ ಉಳಿದ ಮೂರೂ ದಕ್ಕಿದವು, ಮಾತಿನಲ್ಲಿ ಮಾತ್ರ 6.5ಕ್ಕೆ ನಿಂತೆ. ಆಗ ನಾನು ನಗರದ ಬೇರೊಂದು ಕೋಚಿಂಗ್ ಕೇಂದ್ರದಲ್ಲಿ ಕಲಿತಿದ್ದೆ. ಅಲ್ಲಿ ವಿಷಯಕ್ಕೊಂದರಂತೆ ಮುದ್ರಿಸಿದ ಉತ್ತರಗಳ ಕಟ್ಟು ಕೊಡುತ್ತಿದ್ದರು, ನಲವತ್ತು ಜನ ಒಂದೇ ಉತ್ತರವನ್ನು ಬಾಯಿಪಾಠ ಮಾಡುತ್ತಿದ್ದೆವು. ತಾಳ್ಮೆಯ ಕುರಿತ ಉತ್ತರ 'ಪೇಶೆನ್ಸ್ ಈಸ್ ಎ ವರ್ಚ್ಯೂ' ಎಂದು ಆರಂಭವಾಗುತ್ತಿತ್ತು. ಪರೀಕ್ಷೆಯಲ್ಲಿ ಆ ವಿಷಯವೇ ಬಂತು. ನೀವು ತಾಳ್ಮೆಯ ಮನುಷ್ಯರೇ ಎಂದು ಕೇಳಿದಾಗ ಕಲಿತದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದೆ. ಮುಂದೆ, ಯಾವುದಕ್ಕೆ ನಿಮಗೆ ಬೇಗ ತಾಳ್ಮೆ ತಪ್ಪುತ್ತದೆ ಎಂದು ಕೇಳಿದಾಗ ಬಾಯಿ ಕಟ್ಟಿಹೋಯಿತು. ದಿನವೂ ವಾರ್ಡಿನಲ್ಲಿ ಹತ್ತಾರು ಸಲ ತಾಳ್ಮೆ ತಪ್ಪುವ ಹಂತಕ್ಕೆ ಹೋಗಿ ಬರುವ ನನಗೆ ಆ ಕ್ಷಣದಲ್ಲಿ ಒಂದು ಉದಾಹರಣೆಯೂ ನೆನಪಾಗಲಿಲ್ಲ. ಹೊಸ ತರಗತಿಯನ್ನು ನಾನು ಅಳೆದದ್ದು ಈ ಅನುಭವದ ಮೇಲೆಯೇ ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ಮೊದಲ ದಿನ ಮೇಡಂ ಪರೀಕ್ಷೆಯ ಸ್ವರೂಪವನ್ನು ಹತ್ತು ನಿಮಿಷಗಳಲ್ಲಿ ಹೇಳಿ ಮುಗಿಸಿದರು. ಒಟ್ಟು 11ರಿಂದ 14 ನಿಮಿಷಗಳ ಸಂದರ್ಶನ. ಮೊದಲ ಭಾಗದಲ್ಲಿ ನಾಲ್ಕೈದು ನಿಮಿಷ ದಿನನಿತ್ಯದ ಪ್ರಶ್ನೆಗಳು. ಎರಡನೆಯದರಲ್ಲಿ ವಿಷಯ ಬರೆದ ಒಂದು ಚೀಟಿ ಕೊಟ್ಟು, ಒಂದು ನಿಮಿಷ ಸಿದ್ಧತೆಗೆ ಬಿಟ್ಟು, ಒಂದರಿಂದ ಎರಡು ನಿಮಿಷ ನಾವೇ ಮಾತನಾಡಬೇಕು. ಮೂರನೆಯದರಲ್ಲಿ ಅದೇ ವಿಷಯವನ್ನು ಸಮಾಜದ ಮಟ್ಟಕ್ಕೆ ಹಿಗ್ಗಿಸಿ ಚರ್ಚೆ. ನಿರರ್ಗಳತೆ ಮತ್ತು ಸುಸಂಬದ್ಧತೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ ಈ ನಾಲ್ಕಕ್ಕೂ ಸಮಾನ ತೂಕವಿದೆ. ನಮ್ಮ ಅಭಿಪ್ರಾಯ ಸರಿಯೋ ತಪ್ಪೋ ಎಂಬುದಕ್ಕೆ ಅಂಕವಿಲ್ಲ. 'ನನಗೆ ತಾಳ್ಮೆ ಕಡಿಮೆ' ಎಂದು ಹೇಳಿದರೆ ಒಂದು ಅಂಕವೂ ಹೋಗುವುದಿಲ್ಲ ಎಂದು ಮೇಡಂ ಹೇಳಿದಾಗ ಕೋಣೆಯಲ್ಲಿ ಒಂದು ಬಗೆಯ ನಿರಾಳ ಹರಡಿತು. ನರ್ಸಾದವಳು ತಾಳ್ಮೆಯಿಲ್ಲವೆಂದು ಹೇಗೆ ಒಪ್ಪಿಕೊಳ್ಳುವುದು ಎಂಬ ಸಂಕೋಚ ನಮ್ಮೆಲ್ಲರಲ್ಲೂ ಇತ್ತು.

ಈ ತರಗತಿಯ ಪದ್ಧತಿ ಸರಳವಾದದ್ದು. ಒಂದು ವಿಷಯಕ್ಕೆ ಮೂರು ಸಂಜೆ. ತಾಳ್ಮೆಯ ಸರದಿ ಬಂದಾಗ ಮೊದಲ ಸಂಜೆ ಇಂಗ್ಲಿಷೇ ಇರಲಿಲ್ಲ. ಕಳೆದ ಒಂದು ವಾರದಲ್ಲಿ ನೀವು ಕಾಯಬೇಕಾಗಿ ಬಂದ ಐದು ಸಂದರ್ಭಗಳನ್ನು ನಿಮ್ಮ ಮನೆಮಾತಿನಲ್ಲಿಯೇ ಬರೆದು ತನ್ನಿ ಎಂದರು. ನಾನು ಬರೆದವುಗಳಲ್ಲಿ ಸುರತ್ಕಲ್ಲಿಗೆ ಹೋಗುವ ಬಸ್ಸು ತುಂಬಿ ಬಂದು ನಿಲ್ಲಿಸದೆ ಹೋದದ್ದಿತ್ತು, ವಿಮಾ ಕಂಪನಿಯ ಒಪ್ಪಿಗೆ ಬಾರದೆ ಡಿಸ್ಚಾರ್ಜ್ ಮಧ್ಯಾಹ್ನದಿಂದ ರಾತ್ರಿಗೆ ಹೋದದ್ದಿತ್ತು, ಮಳೆಯ ಚಳಿಗೆ ಇಡ್ಲಿ ಹಿಟ್ಟು ಹುಳಿ ಬಾರದೆ ಅಮ್ಮ ಬೆಳಗ್ಗೆ ಬೇರೆ ತಿಂಡಿ ಮಾಡಿದ್ದೂ ಇತ್ತು. ಪಕ್ಕದಲ್ಲಿ ಕುಳಿತಿದ್ದ ಉಡುಪಿಯ ಹುಡುಗಿ ತನ್ನ ಅಣ್ಣನ ವೀಸಾ ಕುರಿತು ಬರೆದಿದ್ದಳು. ಇವುಗಳಲ್ಲಿ ಯಾವುದೂ ದೊಡ್ಡ ಸಂಗತಿಯಲ್ಲ. ಆದರೆ ಮೊದಲ ಭಾಗದ ಪ್ರಶ್ನೆಗೆ ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸುವಾಗ ಬೇಕಾಗುವುದು ಇಷ್ಟೇ ದೊಡ್ಡ ಸಂಗತಿ. ಒಂದು ನೇರ ಉತ್ತರ, ಒಂದು ಕಾರಣ, ಇಂಥ ಒಂದು ತುಣುಕು ಹೇಳಿ ನಿಲ್ಲಿಸಿದರೆ ಸಾಕು, ಪರೀಕ್ಷಕರು ಮುಂದಿನ ಪ್ರಶ್ನೆಗೆ ತಾವೇ ಹೋಗುತ್ತಾರೆ.

ಎರಡನೆಯ ಸಂಜೆ ಪದಗಳದ್ದು. ನಾನು ಅಲ್ಲಿ ಪಡೆದದ್ದರಲ್ಲಿ ಅತ್ಯಂತ ಬೆಲೆಯುಳ್ಳದ್ದು ಇದೇ. ಇಂಗ್ಲಿಷಿನಲ್ಲಿ ತಾಳ್ಮೆ ಎಂಬ ಪದಕ್ಕೂ ರೋಗಿಗಳು ಎಂಬ ಪದಕ್ಕೂ ಉಚ್ಚಾರಣೆ ಒಂದೇ. ಕಾಗುಣಿತ ಬೇರೆಯಾದರೂ ಕಿವಿಗೆ ವ್ಯತ್ಯಾಸವಿಲ್ಲ. ದಿನವೆಲ್ಲ 'ಪೇಶೆಂಟ್' ಎಂಬ ಮಾತನ್ನೇ ಕೇಳುವ ನಮಗೆ, ಪ್ರಶ್ನೆಯಲ್ಲಿ ಆ ಸದ್ದು ಬಂದ ಕೂಡಲೇ ಮನಸ್ಸು ವಾರ್ಡಿಗೆ ಓಡುತ್ತದೆ. ಅಣಕು ಸಂದರ್ಶನದಲ್ಲಿ ಒಬ್ಬಳು ತಾಳ್ಮೆಯ ಪ್ರಶ್ನೆಗೆ ರೋಗಿಗಳ ಆರೈಕೆಯ ಬಗ್ಗೆ ಒಂದು ನಿಮಿಷ ಚೆನ್ನಾಗಿಯೇ ಮಾತನಾಡಿದಳು, ಆದರೆ ಉತ್ತರ ಪ್ರಶ್ನೆಯನ್ನು ಮುಟ್ಟಲಿಲ್ಲ. ಸಂಶಯ ಬಂದರೆ ಪ್ರಶ್ನೆಯನ್ನು ಇನ್ನೊಮ್ಮೆ ಹೇಳುವಂತೆ ಕೇಳಬಹುದು ಎಂದು ಮೇಡಂ ಆಗ ನಮ್ಮಿಂದ ಮತ್ತೆ ಮತ್ತೆ ಕೇಳಿಸಿ ರೂಢಿ ಮಾಡಿಸಿದರು.

ಕನ್ನಡ, ತುಳು ಮನೆಮಾತಿನವರು ಎಲ್ಲಿ ಎಡವುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. 'ನನಗೆ ತಾಳ್ಮೆ ಇದೆ' ಎಂಬುದು ನಮ್ಮ ಬಾಯಲ್ಲಿ 'ಐ ಆಮ್ ಹ್ಯಾವಿಂಗ್ ಪೇಶೆನ್ಸ್' ಆಗುತ್ತದೆ. ಅಲ್ಲಿ 'ಐ ಆಮ್ ಪೇಶೆಂಟ್' ಎಂದರೆ ಮುಗಿಯಿತು. 'ಎರಡು ಗಂಟೆಯಿಂದ ಕಾಯುತ್ತಿದ್ದೇನೆ' ಎಂಬಲ್ಲಿ ನಮ್ಮ 'ಇಂದ' ಎಂಬ ಒಂದೇ ಪ್ರತ್ಯಯ ಎರಡು ಕೆಲಸ ಮಾಡುತ್ತದೆ. ಬೆಳಗ್ಗೆಯಿಂದ ಎಂದಾಗ ಆರಂಭದ ಹೊತ್ತನ್ನೂ ಎರಡು ಗಂಟೆಯಿಂದ ಎಂದಾಗ ಕಳೆದ ಅವಧಿಯನ್ನೂ ಅದೇ ಹೇಳುತ್ತದೆ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ 'ಸಿನ್ಸ್', ಎರಡನೆಯದಕ್ಕೆ 'ಫಾರ್', ಕ್ರಿಯಾಪದವೂ 'ಹ್ಯಾವ್ ಬೀನ್ ವೇಟಿಂಗ್' ಆಗಬೇಕು. ಕಾಯುವಿಕೆಯ ಬಗ್ಗೆ ಮಾತನಾಡುವಾಗ ಈ ವಾಕ್ಯ ಬಾರದೆ ಇರುವುದೇ ಇಲ್ಲ, ಹಾಗಾಗಿ ಇದೊಂದನ್ನು ತಿದ್ದಿಕೊಂಡರೂ ವ್ಯಾಕರಣದ ಲೆಕ್ಕದಲ್ಲಿ ಅನುಕೂಲವಿದೆ. ನುಡಿಗಟ್ಟಿನ ವಿಷಯವೂ ಹೀಗೆಯೇ. ನಮ್ಮಲ್ಲಿ ಸಹನೆಯ ಕಟ್ಟೆ ಒಡೆಯುತ್ತದೆ, ಇಂಗ್ಲಿಷಿನವರಲ್ಲಿ ಡಬ್ಬದ ಸಕ್ಕರೆಯಂತೆ ತಾಳ್ಮೆ ಖಾಲಿಯಾಗುತ್ತದೆ. ಅವರು ಹೇಳುವುದು 'ರನ್ ಔಟ್ ಆಫ್ ಪೇಶೆನ್ಸ್' ಎಂದು. ಕಟ್ಟೆಯನ್ನು ಅಲ್ಲಿಗೆ ಹೊತ್ತುಕೊಂಡು ಹೋದರೆ ಕೇಳುವವರಿಗೆ ತಡವರಿಕೆಯಾಗುತ್ತದೆ. 'ತಾಳಿದವನು ಬಾಳಿಯಾನು' ಎಂಬ ಗಾದೆಯನ್ನು ಭಾಷಾಂತರಿಸಿ ಹೇಳಲು ನಮ್ಮಲ್ಲಿ ನಾಲ್ವರು ಪ್ರಯತ್ನಿಸಿ ನಾಲ್ವರೂ ನಡುವೆ ನಿಂತುಬಿಟ್ಟೆವು.

ಉಚ್ಚಾರಣೆಗೆ ಅವರು ಬಳಸಿದ್ದು ಒಂದು ಬಸ್ ಟಿಕೆಟ್. ತೆಳುವಾದ ಆ ಚೀಟಿಯನ್ನು ತುಟಿಯಿಂದ ನಾಲ್ಕು ಬೆರಳಿನಷ್ಟು ದೂರದಲ್ಲಿ ಹಿಡಿದು 'ಪೇಶೆನ್ಸ್' ಎಂದು ಹೇಳಿಸಿದರು. ಕನ್ನಡದ 'ಪ'ದಂತೆ ಹೇಳಿದಾಗ ಚೀಟಿ ಅಲುಗಲಿಲ್ಲ. ಇಂಗ್ಲಿಷಿನಲ್ಲಿ ಪದದ ಮೊದಲಿಗೆ ಬರುವ ಆ ಅಕ್ಷರಕ್ಕೆ ಸ್ವಲ್ಪ ಉಸಿರು ಸೇರುತ್ತದೆ, ಹಾಗೆ ಹೇಳಿದಾಗ ಚೀಟಿಯ ತುದಿ ಹಿಂದಕ್ಕೆ ಹಾರುತ್ತದೆ. ಒತ್ತು 'ಪೇ' ಮೇಲೆ ಬಿದ್ದು, ಉಳಿದದ್ದು 'ಶನ್ಸ್' ಎಂದು ಅಡಗಿಹೋಗಬೇಕು. ನಾವು ಎರಡೂ ಭಾಗಗಳನ್ನು ಸಮನಾಗಿ ಎಳೆಯುತ್ತೇವೆ. ಮಂಗಳೂರಿನವರಂತೆ ಕೇಳಿಸುವುದು ತಪ್ಪೇನಲ್ಲ, ಸ್ಪಷ್ಟವಾಗಿ ಅರ್ಥವಾಗುವುದು ಮುಖ್ಯ ಎಂದು ಅವರು ಹೇಳಿದ್ದು ಸರಿಯಾದ ಮಾತು. ಯಾವುದೋ ದೇಶದ ಧಾಟಿಯನ್ನು ಅನುಕರಿಸಲು ಹೇಳಿಕೊಡುವ ಕಡೆಗಳಿಗಿಂತ ಇಲ್ಲಿನ ಕ್ರಮ ಎಷ್ಟೋ ಆರೋಗ್ಯಕರ.

ಮೂರನೆಯ ಸಂಜೆ ಪರೀಕ್ಷೆಯ ಎರಡನೆಯ ಭಾಗದ ಚೀಟಿಯ ಮಾತು. ನೀವು ತಾಳ್ಮೆಯಿಂದ ಇರಬೇಕಾಗಿ ಬಂದ ಒಂದು ಸಂದರ್ಭವನ್ನು ವಿವರಿಸಿ ಎಂಬುದು ವಿಷಯ. ನಾನು ಡ್ರಿಪ್ ಹಾಕಲು ನರ ಸಿಗದ ಒಬ್ಬ ಅಜ್ಜಿಯ ಕಥೆ ಹೇಳಿದೆ. ಎರಡು ಸಲ ಚುಚ್ಚಿ ತಪ್ಪಿದ ಮೇಲೆ ಕೈಗೆ ಬಿಸಿನೀರಿನ ಬಟ್ಟೆ ಸುತ್ತಿ ಕಾದದ್ದು, ಅಷ್ಟರಲ್ಲಿ ಪಕ್ಕದ ಹಾಸಿಗೆಯವರು ಮೂರು ಬಾರಿ ಕರೆದದ್ದು, ಕೊನೆಗೆ ಮೂರನೆಯ ಸಲಕ್ಕೆ ನರ ಸಿಕ್ಕಿದ್ದು. ಐವತ್ತು ಸೆಕೆಂಡಿಗೆ ಮಾತು ಮುಗಿದುಹೋಯಿತು. ಮೇಡಂ ಒಂದೇ ಪ್ರಶ್ನೆ ಕೇಳಿದರು: "ಅಜ್ಜಿ ಏನು ಹೇಳಿದರು?" ಅಜ್ಜಿ ನನ್ನ ನಡುಗುವ ಕೈಯನ್ನು ನೋಡಿ, "ಒಂತೆ ಉಂತು ಮಗಾ" ಎಂದು ತುಳುವಿನಲ್ಲಿ ಹೇಳಿ, ತಮ್ಮ ತೋಳನ್ನು ತಾವೇ ತಿಕ್ಕಿಕೊಂಡಿದ್ದರು. ಸ್ವಲ್ಪ ನಿಲ್ಲು ಎಂಬ ಆ ಮಾತನ್ನು ಇಂಗ್ಲಿಷಿನಲ್ಲಿ ಹೇಳಿ, ಆಗ ನನಗೆ ಏನನಿಸಿತು ಎಂಬುದನ್ನು ಸೇರಿಸಿದಾಗ ಮಾತು ಒಂದು ನಿಮಿಷ ನಲವತ್ತು ಸೆಕೆಂಡಿಗೆ ತಾನಾಗಿಯೇ ಬೆಳೆಯಿತು. ತಾಳ್ಮೆ ತೋರಿಸಿದ್ದು ನಾನಲ್ಲ, ಆ ಅಜ್ಜಿ ಎಂಬುದು ನನಗೆ ಹೊಳೆದದ್ದು ಸಹ ಇಂಗ್ಲಿಷಿನಲ್ಲಿ ಆ ವಾಕ್ಯವನ್ನು ಹೇಳುತ್ತಿರುವಾಗಲೇ. ಒಂದು ನಿಮಿಷದ ಸಿದ್ಧತೆಯಲ್ಲಿ ಪೂರ್ತಿ ವಾಕ್ಯ ಬರೆಯದೆ ಯಾರು, ಎಲ್ಲಿ, ಏನು ಹೇಳಿದರು, ಏನನಿಸಿತು ಎಂದು ನಾಲ್ಕು ಪದಗಳನ್ನಷ್ಟೇ ಗುರುತು ಹಾಕಿಕೊಳ್ಳುವ ಅಭ್ಯಾಸ ಅಲ್ಲಿಂದ ಬಂತು.

ಇಷ್ಟು ಒಳ್ಳೆಯ ತರಗತಿಯಲ್ಲಿ ಮೂರನೆಯ ಭಾಗಕ್ಕೆ ಸಿಗುವ ಸಮಯ ಮಾತ್ರ ತೀರಾ ಕಡಿಮೆ. ಹಿಂದಿನವರಿಗಿಂತ ಇಂದಿನವರಿಗೆ ತಾಳ್ಮೆ ಕಡಿಮೆಯೇ, ತಂತ್ರಜ್ಞಾನ ನಮ್ಮನ್ನು ಆತುರಗಾರರನ್ನಾಗಿ ಮಾಡಿದೆಯೇ, ಮಕ್ಕಳಿಗೆ ಕಾಯುವುದನ್ನು ಹೇಗೆ ಕಲಿಸಬೇಕು ಎಂಬಂತಹ ಪ್ರಶ್ನೆಗಳಿಗೆ ಮೂರನೆಯ ಸಂಜೆಯ ಕೊನೆಯ ಇಪ್ಪತ್ತು ನಿಮಿಷವಷ್ಟೇ ಉಳಿಯಿತು. ನಮ್ಮಲ್ಲೊಬ್ಬರು, ಹತ್ತು ವರ್ಷ ಹಿಡಿದು 2020ರ ಜನವರಿಯಲ್ಲಿ ತೆರೆದ ಪಂಪ್‌ವೆಲ್ ಮೇಲ್ಸೇತುವೆಯನ್ನು ಎತ್ತಿಕೊಂಡು, ನಾಗರಿಕರ ತಾಳ್ಮೆಗೂ ಆಡಳಿತದ ವಿಳಂಬಕ್ಕೂ ನಡುವಿನ ಗೆರೆ ಎಲ್ಲಿದೆ ಎಂದು ಸೊಗಸಾಗಿ ಮಾತು ಆರಂಭಿಸಿದ್ದರು. ಗಂಟೆಯಾದುದರಿಂದ ಅದು ಅಲ್ಲಿಗೇ ನಿಂತಿತು. ಸ್ವಂತ ಅನುಭವದಿಂದ ಸಾರ್ವತ್ರಿಕ ಅಭಿಪ್ರಾಯಕ್ಕೆ ದಾಟುವುದೇ ಈ ಭಾಗದ ಕಷ್ಟ, 7 ದಾಟಬೇಕಾದವರಿಗೆ ಅಲ್ಲಿಯೇ ಹೆಚ್ಚು ಅಭ್ಯಾಸ ಬೇಕು. ಇದನ್ನು ಮೇಡಂ ಅವರಿಗೂ ಹೇಳಿದ್ದೇನೆ, ವಾರಕ್ಕೊಂದು ಸಂಜೆಯನ್ನು ಚರ್ಚೆಗೆಂದೇ ಇಡುವ ಯೋಚನೆ ಇದೆ ಎಂದಿದ್ದಾರೆ.

ಆರು ವಾರಕ್ಕೆ ಹದಿನೆಂಟು ಸಂಜೆಗಳು, ಶುಲ್ಕ ಏಳು ಸಾವಿರ. ಎಂಟು ಜನರ ಬ್ಯಾಚ್ ಎಂದು ಹೇಳಿದ್ದರೂ ಮೂರನೆಯ ವಾರದ ಹೊತ್ತಿಗೆ ಹನ್ನೊಂದು ಜನ ಆಗಿ, ಒಬ್ಬೊಬ್ಬರ ಅಣಕು ಸಂದರ್ಶನ ಆರರಿಂದ ನಾಲ್ಕಕ್ಕೆ ಇಳಿಯಿತು. ಪಾಳಿಯಲ್ಲಿ ದುಡಿಯುವವರಿಗೆ ತಪ್ಪಿದ ತರಗತಿ ಮತ್ತೆ ಸಿಗುವುದಿಲ್ಲ ಎಂಬುದು ನನ್ನ ನಿಜವಾದ ದೂರು. ನೈಟ್ ಡ್ಯೂಟಿಯ ವಾರದಲ್ಲಿ ನಾನು ಮೂರು ಸಂಜೆ ಕಳೆದುಕೊಂಡೆ. ನರ್ಸುಗಳೇ ಹೆಚ್ಚಾಗಿ ಬರುವ ಜಾಗದಲ್ಲಿ ಇದಕ್ಕೊಂದು ದಾರಿ ಇರಲೇಬೇಕು. ಕಿಟಕಿಯ ಕೆಳಗೇ ರಸ್ತೆ ಇರುವುದರಿಂದ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡ ಉತ್ತರಗಳಲ್ಲಿ ಬಸ್ಸಿನ ಹಾರ್ನ್ ಸೇರಿಕೊಳ್ಳುತ್ತದೆ, ಅದನ್ನು ಸಹಿಸಬಹುದು.

ಎರಡನೆಯ ಪರೀಕ್ಷೆಯಲ್ಲಿ ನನಗೆ ತಾಳ್ಮೆಯ ಪ್ರಶ್ನೆ ಬರಲೇ ಇಲ್ಲ. ನೆರೆಹೊರೆಯವರ ಬಗ್ಗೆ ಕೇಳಿದರು. ಪಕ್ಕದ ಮನೆಯ ಶೀನಕ್ಕ ಪ್ರತಿ ಮಳೆಗಾಲ ನಮ್ಮ ಮನೆಗೆ ಪತ್ರೊಡೆ ಕೊಟ್ಟು ಕಳಿಸುವುದನ್ನು ಹೇಳಿದೆ, ಆಕೆ ಏನು ಹೇಳಿ ಕೊಡುತ್ತಾರೆ ಎಂಬುದನ್ನೂ ಹೇಳಿದೆ. 7 ಬಂತು. ಮುಂದಿನ ಬ್ಯಾಚ್ ಸೇರುವವರು ತಮ್ಮ ಡ್ಯೂಟಿ ಚಾರ್ಟನ್ನು ಮೊದಲ ದಿನವೇ ಮೇಡಂಗೆ ತೋರಿಸಿ, ಅಣಕು ಸಂದರ್ಶನಗಳ ದಿನಾಂಕವನ್ನು ಅದಕ್ಕೆ ಹೊಂದಿಸಿ ಬರೆಸಿಕೊಳ್ಳುವುದು ಒಳ್ಳೆಯದು.