ಮೊದಲು ಮಾರೋದಾ, ಮೊದಲು ಕೊಳ್ಳೋದಾ? ಎರಡನ್ನೂ ಮಾಡಿ ನೋಡಿದವಳ ಲೆಕ್ಕ

ನಾವು ಎರಡು ಸಲ ಸ್ವಂತ ಮನೆ ಬದಲಾಯಿಸಿದ್ದೇವೆ. ಮೊದಲ ಸಲ ಹೊಸ ಮನೆ ಕೊಂಡು, ಆಮೇಲೆ ಹಳೆಯದನ್ನು ಮಾರಿದೆವು. ಬ್ರೋಕರ್ ಬೇಡ ಅಂತ ನಾವೇ ಓಡಾಡಿದೆವು. ಎರಡನೇ ಸಲ ಎಲ್ಲಾ ಉಲ್ಟಾ. ಮೊದಲು ಮಾರಿದ್ದು, ಅದೂ ಬ್ರೋಕರ್ ಮೂಲಕ. ಕೊಂಡಿದ್ದು ಆಮೇಲೆ. ಎರಡರಲ್ಲೂ ಪೆಟ್ಟು ತಿಂದಿದ್ದೇವೆ, ಪೆಟ್ಟು ಬಿದ್ದ ಜಾಗ ಮಾತ್ರ ಬೇರೆ ಬೇರೆ.

ಮೊದಲ ಸಲದ್ದು ಹೇಳುತ್ತೇನೆ. ಹೊಸ ಮನೆ ನೋಡಿದ ದಿನವೇ ಮನಸ್ಸಿಗೆ ಹಿಡಿಸಿಬಿಟ್ಟಿತು. ಅಡುಗೆಮನೆ ಕಟ್ಟೆ ಮೇಲೆ ಬೆಳಗಿನ ಬಿಸಿಲು ಬೀಳುತ್ತಿತ್ತು, ಅಷ್ಟೇ ಕಾರಣ. ಮುಂಗಡ ಕೊಟ್ಟೆವು. ಹಳೇ ಮನೆ 2 ತಿಂಗಳಲ್ಲಿ ಹೋಗುತ್ತೆ ಅಂತ ನಮ್ಮವರ ಲೆಕ್ಕ. ಹೋಗಿದ್ದು 7ನೇ ತಿಂಗಳಿಗೆ. ತಪ್ಪು ನಮ್ಮದೇ. ಅಕ್ಕಪಕ್ಕದ ಮನೆಗಳು ನಿಜಕ್ಕೂ ಎಷ್ಟಕ್ಕೆ ಹೋಗಿವೆ ಅಂತ ನಾವು ವಿಚಾರಿಸಲೇ ಇಲ್ಲ. ಹೊಸ ಮನೆಗೆ ಎಷ್ಟು ದುಡ್ಡು ಕಡಿಮೆ ಬೀಳುತ್ತೋ ಅದನ್ನು ನೋಡಿಕೊಂಡು ಬೆಲೆ ಹೇಳಿದೆವು. ನಮಗೆ ಎಷ್ಟು ಬೇಕು ಅನ್ನೋದು ಕೊಳ್ಳುವವನಿಗೆ ಯಾಕೆ ಬೇಕು, ಅಲ್ವಾ?

ಅಷ್ಟೂ ದಿನ ಎರಡು ಕಂತು, ಎರಡು ಕರೆಂಟ್ ಬಿಲ್ಲು. ಮಾರಿದ ದುಡ್ಡು ಕೈಗೆ ಬರುವವರೆಗೆ ಅಂತ ಬ್ರಿಡ್ಜ್ ಲೋನ್ ಬೇರೆ ತೆಗೆದುಕೊಂಡಿದ್ದೆವು. ಸಣ್ಣ ಅವಧಿಯ ಸಾಲ, ಬಡ್ಡಿ ಮಾತ್ರ ನಮ್ಮ ಗೃಹಸಾಲಕ್ಕಿಂತ ಜಾಸ್ತಿ.

ಇದರ ಜೊತೆಗೆ ಖಾಲಿ ಮನೆಯ ವಾಸನೆ. ಮನೆ ನೋಡಲು ಬಂದ ಒಬ್ಬರು ಬಚ್ಚಲುಮನೆ ಬಾಗಿಲು ತೆಗೆದವರೇ ಕರ್ಚೀಫು ಮೂಗಿಗೆ ಹಿಡಿದರು. ಪೈಪು ಒಡೆದಿದೆಯೇನೋ ಅಂತ ಪ್ಲಂಬರ್‌ನನ್ನು ಕರೆಸಿದೆ. ಅವನು ನಕ್ಕು ಎರಡು ಮಗ್ ನೀರು ಸುರಿದ, ಅಷ್ಟೇ. ಬಚ್ಚಲ ಜಾಲರಿ ಕೆಳಗಿನ ಬಾಗಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತೆ. ಒಳಗಿನ ಗಾಳಿ ಮೇಲೆ ಬರದಂತೆ ತಡೆಯುವುದು ಅದೇ. ಬಳಸದ ಮನೆಯಲ್ಲಿ ಆ ನೀರು ಆರಿಹೋಗುತ್ತೆ. ಅಲ್ಲಿಂದ ಪ್ರತಿ ಭಾನುವಾರ ನನಗೆ ನೀರು ಹಾಕುವ ಕೆಲಸ.

ಕೊನೆಗೆ ಕೊಂಡವರು ಕೇಳಿದ ಮೊದಲ ಪ್ರಶ್ನೆ, "ಎಷ್ಟು ದಿನದಿಂದ ಖಾಲಿ ಇದೆ?" ನಾನು ಸುಮ್ನೆ ಇರಬಾರದಾ? "ಆರು ತಿಂಗಳಾಯ್ತು" ಅಂದೆ. ಅವರು ಆಮೇಲೆ ಒಂದು ರೂಪಾಯಿಯೂ ಮೇಲೆ ಏರಲಿಲ್ಲ.

ಅವಸರವಿಲ್ಲದೆ ಬಣ್ಣ ಹೊಡೆಸಿ, ಒಂದೇ ಸಲ ಸಾಮಾನು ಸಾಗಿಸಿ ಹೊಸ ಮನೆ ಸೇರಿದೆವು ಅನ್ನೋದು ಈ ದಾರಿಯಲ್ಲಿ ಸಿಕ್ಕ ಸುಖ. ಅದು ಸಣ್ಣದಲ್ಲ ಅಂತ ಎರಡನೇ ಸಲ ಗೊತ್ತಾಯಿತು.

ಮಾರುವಾಗ ಇನ್ನೊಂದು ಲೆಕ್ಕವೂ ತಲೆಕೆಳಗಾಯಿತು. 5 ವರ್ಷ ಕಂತು ಕಟ್ಟಿದ್ದೇವೆ, ಸಾಲದ ಕಾಲು ಭಾಗವಾದರೂ ತೀರಿರುತ್ತೆ ಅಂದುಕೊಂಡಿದ್ದೆ. 20 ವರ್ಷದ ಸಾಲ, ಶೇ 9 ಬಡ್ಡಿ ಇದ್ದರೆ 5 ವರ್ಷದ ಕೊನೆಗೂ ಅಸಲಿನ ಶೇ 88ಕ್ಕಿಂತ ಜಾಸ್ತಿ ಹಾಗೇ ಉಳಿದಿರುತ್ತೆ. ಮೊದಲ ಕಂತಿನ ಆರು ಪಾಲಿನಲ್ಲಿ ಐದು ಪಾಲು ಬರೀ ಬಡ್ಡಿ. ಮಾರಿದ ದುಡ್ಡಿನಲ್ಲಿ ಈ ಬಾಕಿ, ತೆರಿಗೆ, ಕಮಿಷನ್, ಸಾಗಾಟ ಎಲ್ಲಾ ಕಳೆದ ಮೇಲೆ ಉಳಿಯುವುದೇ ನಿಮ್ಮ ದುಡ್ಡು. ಬ್ಯಾಂಕಿನಿಂದ ಬಾಕಿ ಪತ್ರ ತೆಗೆದುಕೊಳ್ಳದೆ ಹೊಸ ಮನೆ ನೋಡಲು ಹೊರಡಲೇಬೇಡಿ.

ಎರಡನೇ ಸಲ ಮೊದಲು ಮಾರಿದೆವು. ಚೌಕಾಸಿಯಲ್ಲಿ ಎಷ್ಟು ಬಲ ಬಂತು ಅಂದರೆ ನನಗೇ ನಂಬಲಾಗಲಿಲ್ಲ. "ನಮ್ಮದು ಮಾರಿ ಆಗಿದೆ, ದುಡ್ಡು ರೆಡಿ ಇದೆ" ಅಂದ ಕೂಡಲೇ ಎದುರಿನವರು ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಆದರೆ ನಾವು ಮನೆ ಬಿಟ್ಟುಕೊಡಲು ಇದ್ದದ್ದು 60 ದಿನ. 40 ದಿನ ಆಗುವಷ್ಟರಲ್ಲಿ 14 ಮನೆ ನೋಡಿದ್ದೆವು, ಎಲ್ಲವೂ ಒಂದೇ ಥರ ಕಾಣಿಸತೊಡಗಿದ್ದವು. ಒಂದಕ್ಕೆ ಹೂಂ ಅಂದೇಬಿಡುತ್ತಿದ್ದೆ. ಕೋಣೆಗೆಲ್ಲಾ ಹಳೇ ಬಣ್ಣ, ಒಂದು ಮೂಲೆಯಲ್ಲಿ ಮೊಣಕಾಲೆತ್ತರಕ್ಕೆ ಮಾತ್ರ ಹೊಸದು. ನಮ್ಮವರು ಅಲ್ಲಿ ಅಂಗೈ ಇಟ್ಟು ನೋಡಿದರು. ತಣ್ಣಗಿತ್ತು. ಗೋಡೆಯ ತೇವದ ಮೇಲೆ ಬಣ್ಣ ಬಳಿದಿದ್ದರು.

ಆಗ ನಮ್ಮ ಮನೆ ಕೊಂಡವರನ್ನೇ ಕೇಳಿದೆವು, ಇನ್ನು 3 ತಿಂಗಳು ಬಾಡಿಗೆ ಕೊಟ್ಟು ಇಲ್ಲೇ ಇರಬಹುದಾ ಅಂತ. ಒಪ್ಪಿದರು, ಆದರೆ ಬಾಡಿಗೆ ಜಾಸ್ತಿ ಕೇಳಿದರು. ಕೇಳದೆ ಏನು, ನಮ್ಮ ಜುಟ್ಟು ಅವರ ಕೈಯಲ್ಲಿತ್ತು. ಇದನ್ನೇ ಬೆಲೆ ಮಾತಾಡುವಾಗಲೇ ಎತ್ತಿ ಕರಾರಿನಲ್ಲಿ ಬರೆಸಿದ್ದರೆ ಬಹುಶಃ ಸಲೀಸಾಗಿ ಸಿಗುತ್ತಿತ್ತು.

ಬ್ರೋಕರ್ ವಿಷಯಕ್ಕೆ ಬಂದರೆ, ಕಮಿಷನ್ ಉಳಿಸೋಣ ಅಂತ ನಾವೇ ಮಾರಲು ಹೊರಟಾಗ ಬಂದವರೆಲ್ಲಾ ಹೇಳಿದ್ದು ಒಂದೇ ಮಾತು: "ಬ್ರೋಕರ್ ಇಲ್ವಲ್ಲ, ಆ ದುಡ್ಡು ನಮಗೆ ಕಡಿಮೆ ಮಾಡಿ." ಉಳಿಸುವ ಒಂದೇ ದುಡ್ಡಿನ ಮೇಲೆ ಇಬ್ಬರ ಕಣ್ಣು. ರಾತ್ರಿ ಹತ್ತಕ್ಕೆ ಫೋನು, ಸುಮ್ನೆ ಮನೆ ನೋಡಿ ಹೋಗುವವರು ಬೇರೆ. ಬ್ರೋಕರ್ ಇದ್ದಾಗ ಈ ಕಾಟ ಇರಲಿಲ್ಲ, ಸಾಲ ಸಿಗುವ ಗಿರಾಕಿಗಳನ್ನಷ್ಟೇ ಕರೆತಂದರು. ಆದರೆ ಎರಡನೇ ವಾರಕ್ಕೇ "ಮೇಡಂ, ಈ ಬೆಲೆಗೆ ಬಿಟ್ಟುಬಿಡಿ" ಅಂತ ಶುರು. ಅವರ ಕಡೆಯಿಂದ ನೋಡಿದರೆ ಅದೂ ಸರಿಯೇ. ಶೇ 2 ಕಮಿಷನ್ ಅಂದರೆ, ನಾನು ಕಾದು 100 ರೂಪಾಯಿ ಹೆಚ್ಚು ಪಡೆದರೆ ಅವರಿಗೆ ಸಿಗುವುದು ಬರೀ 2. ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ ಅನ್ನೋ ಅರ್ಥಶಾಸ್ತ್ರಜ್ಞರು ಅಮೆರಿಕದ ಷಿಕಾಗೋ ಸುತ್ತಮುತ್ತಲಿನ ಸುಮಾರು 1 ಲಕ್ಷ ಮಾರಾಟಗಳನ್ನು ನೋಡಿ 2008ರಲ್ಲಿ ಪ್ರಕಟಿಸಿದ್ದೂ ಇದನ್ನೇ: ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಸುಮಾರು 9.5 ದಿನ ಜಾಸ್ತಿ ಕಾಯುತ್ತಾರೆ, ಶೇ 3.7ರಷ್ಟು ಜಾಸ್ತಿ ಬೆಲೆ ಪಡೆಯುತ್ತಾರೆ. ನಾನು ಇನ್ನೂ ಎರಡು ವಾರ ಕಾದೆ. ಸ್ವಲ್ಪ ಹೆಚ್ಚಿಗೆ ಸಿಕ್ಕಿತು.

ಕಾಗದಪತ್ರ ನೋಡಲು ಮಾತ್ರ ಎರಡು ಸಲವೂ ನಮ್ಮದೇ ವಕೀಲರು. ಬ್ರೋಕರ್ ತೋರಿಸಿದ ವಕೀಲರ ಹತ್ತಿರ ಹೋಗಲಿಲ್ಲ.

ಮೊದಲ ಮನೆ ಮಾರುತ್ತಿರುವವರಿಗೆ ನನ್ನ ಮಾತು ಮೊದಲು ಮಾರಿ ಅಂತಲೇ, ಅದೂ ಬ್ರೋಕರ್ ಮೂಲಕ. ಕೂಡಲೇ ಬಿಟ್ಟುಕೊಡುತ್ತೇವೆ ಅಂತ ಮಾತು ಕೊಡಬೇಡಿ, 3 ತಿಂಗಳ ಬಾಡಿಗೆ ಮಾತನ್ನು ಮುಂಗಡ ತೆಗೆದುಕೊಳ್ಳುವ ಮೊದಲೇ ಬರೆಸಿ. ಒಂದು ವರ್ಷ ಎರಡು ಕಂತು ಕಟ್ಟಿಯೂ ನಿದ್ದೆ ಬರುತ್ತೆ ಅನ್ನುವಷ್ಟು ದುಡ್ಡು ಇದ್ದವರು ಬೇಕಾದರೆ ಮೊದಲು ಕೊಳ್ಳಲಿ. ಖಾಲಿ ಮನೆ ಬಚ್ಚಲಿಗೆ ವಾರಕ್ಕೊಮ್ಮೆ ನೀರು ಹಾಕಲಿ.