ಹಳೇ ಕಾರಿಗೆ ದೊಡ್ಡ ಕಾರ್ಬೊರೇಟರ್ ಹಾಕಲು ಹೊರಟಿದ್ದೀರಾ? ಸ್ವಲ್ಪ ತಡೀರಿ

ಮೊದಲೇ ಹೇಳಿಬಿಡುತ್ತೇನೆ, ಯಾರಿಗೂ ಏನೂ ಆಗಲಿಲ್ಲ. ನನ್ನ ಬಲಗೈ ಮುಂದೋಳಿನ ಕೂದಲು ಸುಟ್ಟಿತು, ಬಾನೆಟ್ಟಿನ ಒಳಮೈ ಬಣ್ಣ ಗುಳ್ಳೆ ಎದ್ದಿತು, ಪ್ಲಗ್ ವೈರುಗಳು ಕರಗಿ ಒಂದಕ್ಕೊಂದು ಅಂಟಿಕೊಂಡವು. ಅಷ್ಟಕ್ಕೇ ಮುಗಿದದ್ದು ನನ್ನ ಜಾಣತನದಿಂದಲ್ಲ. ಸೀಟಿನ ಕೆಳಗೆ ಬೆಂಕಿ ನಂದಿಸುವ ಎರಡು ಕೆಜಿ ಪೌಡರ್ ಸಿಲಿಂಡರ್ ಇತ್ತು. ಅದನ್ನು ತಂದಿಟ್ಟವನೂ ನಾನಲ್ಲ, ಭಾವಮೈದ. "ಇದು ಕಾಲಿಗೆ ತಗಲುತ್ತೆ, ತೆಗಿಯೋ" ಅಂತ ನಾನೇ ಎರಡು ಸಲ ಗೊಣಗಿದ್ದೆ.

ಕಾರು ಹಳೆಯದು. 1100 ಸಿಸಿ, ನಾಲ್ಕು ಸಿಲಿಂಡರು, ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಒಂದೇ ಬಾಯಿಯ ಕಾರ್ಬೊರೇಟರು. ಅದಕ್ಕಿದ್ದ ಕಾಯಿಲೆ ಒಂದೇ: ನಿಂತಲ್ಲಿಂದ ಎಕ್ಸಿಲರೇಟರ್ ಒತ್ತಿದರೆ ಎಂಜಿನ್ ಒಂದು ಕ್ಷಣ ಉಸಿರು ಕಟ್ಟಿದಂತೆ ತಡವರಿಸಿ, ಆಮೇಲೆ ಎಳೆಯುತ್ತಿತ್ತು. ಆ ಒಂದು ಕ್ಷಣದ ಮೇಲೆ ನಾನು ಇಡೀ ಸಿದ್ಧಾಂತವನ್ನೇ ಕಟ್ಟಿದೆ. ಕಾರ್ಬೊರೇಟರ್ ಚಿಕ್ಕದು, ಎಂಜಿನ್ನಿಗೆ ಸಾಲುತ್ತಿಲ್ಲ, ದೊಡ್ಡದು ಹಾಕಿದರೆ ಪಿಕಪ್ ತಾನಾಗಿ ಬರುತ್ತದೆ. ಬಿಚ್ಚಿ ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ. ಹೊಸ ಸಾಮಾನು ಕೊಳ್ಳುವ ಮನಸ್ಸಾದಾಗ ಕಾಯಿಲೆಯ ಕಾರಣ ಹುಡುಕುವ ತಾಳ್ಮೆ ಎಲ್ಲಿಂದ ಬರಬೇಕು?

ತಂದದ್ದು 32/36 ಅಳತೆಯ ಎರಡು ಬಾಯಿಯ ಕಾರ್ಬೊರೇಟರ್. ಎಕ್ಸಿಲರೇಟರ್ ಒತ್ತಿದಾಗ ತೆರೆಯುವ ಎರಡು ಥ್ರಾಟಲ್ ಬಾಯಿಗಳ ವ್ಯಾಸ ಅದು, ಮಿಲಿಮೀಟರಿನಲ್ಲಿ. ಮೊದಲ ಬಾಯಿ ಸಾಕಷ್ಟು ತೆರೆದುಕೊಂಡ ಮೇಲಷ್ಟೇ ಎರಡನೆಯದು ತೆರೆಯಲು ಶುರುವಾಗುತ್ತದೆ. ಮೂಲ ವಿನ್ಯಾಸ ಇಟಲಿಯ ವೆಬರ್ ಕಂಪನಿಯದು, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ನನ್ನದು ಹೆಸರಿಲ್ಲದ ನಕಲು. ಜೊತೆಗೆ ಮ್ಯಾನಿಫೋಲ್ಡ್, ಅಂದರೆ ಎಂಜಿನ್ನಿಗೆ ಮಿಶ್ರಣ ಒಯ್ಯುವ ಕೊಳವೆಗಳ ಮೇಲೆ ಕೂರಿಸಲು ಒಂದು ಅಲ್ಯೂಮಿನಿಯಂ ಅಡಾಪ್ಟರ್ ಪ್ಲೇಟು. ಮಾರಿದವರು ಹೇಳಿದ್ದು ಒಂದೇ ಮಾತು: "ನಾಲ್ಕು ಬೋಲ್ಟ್ ಬಿಗೀರಿ, ಓಡ್ಸಿ ಸಾರ್." ನನಗೂ ಅದಕ್ಕಿಂತ ಹೆಚ್ಚಿನದೇನೂ ಕೇಳಬೇಕಿರಲಿಲ್ಲ.

ಆಗ ಮಾಡದೆ, ಎಲ್ಲ ಸುಟ್ಟ ಮೇಲೆ ಕೂತು ಮಾಡಿದ ಲೆಕ್ಕ ಇಲ್ಲಿದೆ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೆ ಒಮ್ಮೆ ತನ್ನ ಹೊಟ್ಟೆ ತುಂಬ ಗಾಳಿ ಎಳೆಯುತ್ತದೆ. 1.1 ಲೀಟರಿನ ಎಂಜಿನ್ 5500 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ತಿರುಗಿದರೆ ನಿಮಿಷಕ್ಕೆ ಹೆಚ್ಚೆಂದರೆ 3025 ಲೀಟರ್ ಗಾಳಿ. ಹಳೇ ಎಂಜಿನ್ನುಗಳು ಅಷ್ಟನ್ನೂ ಎಳೆಯುವುದಿಲ್ಲ, ಅದರಲ್ಲಿ ಐದನೇ ಒಂದು ಭಾಗ ಕಳೆದರೆ ವಾಸ್ತವಕ್ಕೆ ಹತ್ತಿರ. ನಾನು ತಂದ ಅಳತೆಯ ವೆಬರ್ ಫೋರ್ಡಿನ 2 ಲೀಟರ್ ಪಿಂಟೋ ಎಂಜಿನ್ನಿಗೆ ಬರುತ್ತಿತ್ತು. ಅಂದರೆ ಹೆಚ್ಚುಕಡಿಮೆ ಎರಡರಷ್ಟು ದೊಡ್ಡ ಹೊಟ್ಟೆಯ ಎಂಜಿನ್ನಿಗೆ ಸಾಕಾಗುವ ಬಾಯಿ.

ದೊಡ್ಡದಾದರೆ ನಷ್ಟವೇನು ಅಂತ ಕೇಳುವವರಿದ್ದಾರೆ, ನಾನೂ ಅವರಲ್ಲೊಬ್ಬನಾಗಿದ್ದೆ. ಕಾರ್ಬೊರೇಟರ್ ಪೆಟ್ರೋಲನ್ನು ಎಂಜಿನ್ನಿಗೆ ತಳ್ಳುವುದಿಲ್ಲ. ಒಳಗೆ ವೆಂಚುರಿ ಅಂತ ಕಿರಿದಾದ ಒಂದು ಕುತ್ತಿಗೆ ಇರುತ್ತದೆ. ಅಲ್ಲಿ ಹಾಯುವಾಗ ಗಾಳಿಯ ವೇಗ ಏರಿ ಒತ್ತಡ ಇಳಿಯುತ್ತದೆ, ಆ ಸೆಳೆತಕ್ಕೆ ಫ್ಲೋಟ್ ಬಟ್ಟಲಿನ ಪೆಟ್ರೋಲ್ ಜೆಟ್ ಅನ್ನುವ ಅಳತೆಯ ಸಣ್ಣ ತೂತು ದಾಟಿ ಬಂದು ತುಂತುರಾಗುತ್ತದೆ. ಕುತ್ತಿಗೆ ಅಗಲವಾದರೆ ಗಾಳಿ ನಿಧಾನ, ಸೆಳೆತ ಕಡಿಮೆ, ತುಂತುರಿನ ಬದಲು ದಪ್ಪ ಹನಿ. ಎರಡು ಬಾಯಿಯದರಲ್ಲಿ ಮೊದಲ ಬಾಯಿ ಮಾತ್ರ ಕೆಲಸ ಮಾಡುವಾಗ ಈ ತೊಂದರೆ ಅಷ್ಟಾಗಿ ಕಾಣುವುದಿಲ್ಲ ನಿಜ. ಆದರೆ ಜೆಟ್ಟುಗಳನ್ನು ಆ ಎಂಜಿನ್ನಿಗೆ ತಕ್ಕಂತೆ ಬದಲಿಸಿರಬೇಕು. ಡಬ್ಬಿಯಲ್ಲಿ ಬಂದ ಜೆಟ್ಟುಗಳು ಯಾವ ಎಂಜಿನ್ನಿನವೋ, ನಾನು ನಂಬರು ಕೂಡ ಓದಲಿಲ್ಲ.

ಒಂದು ಭಾನುವಾರ ಕೂರಿಸಿದೆವು. ಭಾವಮೈದ ಟಾರ್ಚ್ ಹಿಡಿದಿದ್ದ. ಎರಡನೇ ಸಲ ಸೆಲ್ಫ್ ಹೊಡೆದಾಗಲೇ ಎಂಜಿನ್ ಎದ್ದಿತು, ಆ ಸಂತೋಷ ಸುಳ್ಳಲ್ಲ. ಆದರೆ ಐಡ್ಲಿಂಗ್ (ಎಕ್ಸಿಲರೇಟರ್ ಒತ್ತದಿದ್ದಾಗಿನ ವೇಗ) 1500 ಆರ್‌ಪಿಎಂಗೆ ಹೋಗಿ ಕೂತು, ಏನು ಮಾಡಿದರೂ ಇಳಿಯಲಿಲ್ಲ. ಅಡಾಪ್ಟರ್ ಪ್ಲೇಟ್ ಸಮತಟ್ಟಾಗಿರಲಿಲ್ಲ, ಪ್ಯಾಕಿಂಗಿನ ಪಕ್ಕದಿಂದ ಗಾಳಿ ಎಳೆಯುತ್ತಿತ್ತು. ಆಮೇಲೆ ಪ್ಲೇಟಿನ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ನೋಡಿದಾಗ ನಡುವೆ ಸಂದಿ ಅಳೆಯುವ 0.3 ಮಿಮೀ ಫೀಲರ್ ಗೇಜ್ ತಗಡು ಸಲೀಸಾಗಿ ನುಸುಳಿತು. ಕಾರ್ಬೊರೇಟರ್ ದಾಟಿದ ಮೇಲೆ ಒಳಗೆ ಬರುವ ಗಾಳಿಗೆ ಪೆಟ್ರೋಲ್ ಲೆಕ್ಕ ಇರುವುದಿಲ್ಲ. ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿ ಹೆಚ್ಚಿ ಪೆಟ್ರೋಲ್ ಸಾಲುವುದಿಲ್ಲ, ಎಂಜಿನ್ ಬಿಸಿಯೇರುತ್ತದೆ, ಎಕ್ಸಿಲರೇಟರ್ ಒತ್ತಿದಾಗ ಕಾರ್ಬೊರೇಟರಿನ ಬಾಯಲ್ಲಿ ಪಟ್ ಅಂತ ಸಿಡಿಯುತ್ತದೆ. ನಾನು ಗಾಳಿ ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದು ಬಿಟ್ಟು, ಪೆಟ್ರೋಲ್ ಹೆಚ್ಚಿಸಲು ಮಿಕ್ಸ್ಚರ್ ಸ್ಕ್ರೂ ಬಿಚ್ಚುತ್ತಾ ಹೋದೆ. ತೂತು ಬಿಂದಿಗೆಗೆ ನೀರು ಸುರಿದ ಹಾಗೆ.

ಹಳೇ ಏರ್ ಫಿಲ್ಟರ್ ಹೊಸದರ ಮೇಲೆ ಕೂರುವುದಿಲ್ಲ. ಕೂರಿಸಿದರೂ ಬಾನೆಟ್ ಮುಚ್ಚುವುದಿಲ್ಲ. "ಸದ್ಯಕ್ಕೆ ಹಾಗೇ ಇರಲಿ" ಅಂತ ಬಾಯಿ ತೆರೆದೇ ಓಡಿಸಿದೆ. ಏರ್ ಫಿಲ್ಟರ್ ಧೂಳು ತಡೆಯುವುದಷ್ಟೇ ಅಲ್ಲ, ಕಾರ್ಬೊರೇಟರ್ ಬಾಯಲ್ಲಿ ಸಿಡಿದ ಜ್ವಾಲೆ ಹೊರಗೆ ಹಾರದಂತೆಯೂ ಸ್ವಲ್ಪ ತಡೆಯುತ್ತದೆ. ಈ ಸಾಲನ್ನು ನೆನಪಿಟ್ಟುಕೊಳ್ಳಿ.

ಇನ್ನು ನಾನು ಮಾಡಿದ ನಿಜವಾದ ಘನಕಾರ್ಯ. ದೊಡ್ಡ ಕಾರ್ಬೊರೇಟರಿಗೆ ಹೆಚ್ಚು ಪೆಟ್ರೋಲ್ ಬೇಕಲ್ಲ ಅಂತ ಎಂಜಿನ್ನಿನ ಹಳೇ ಮೆಕ್ಯಾನಿಕಲ್ ಪಂಪ್ ತೆಗೆದು ಎಲೆಕ್ಟ್ರಿಕ್ ಪಂಪ್ ಹಾಕಿದೆ. ಡಬ್ಬಿಯ ಮೇಲೆ ಒತ್ತಡ 5ರಿಂದ 7 ಪಿಎಸ್‌ಐ ಅಂತ ಬರೆದಿತ್ತು. ಹೆಚ್ಚು ಅಂದರೆ ಒಳ್ಳೆಯದು ಅಂದುಕೊಂಡೆ. ಈ ಬಗೆಯ ಕಾರ್ಬೊರೇಟರಿಗೆ ಬೇಕಾದದ್ದು 2.5ರಿಂದ 3.5 ಅಷ್ಟೇ. ಬಟ್ಟಲು ತುಂಬಿದಾಗ ಫ್ಲೋಟ್ ತೇಲಿ, ಚೂಪು ತುದಿಯ ನೀಡಲ್ ವಾಲ್ವನ್ನು ಮೇಲಕ್ಕೆ ಒತ್ತಿ ಪೆಟ್ರೋಲ್ ನಿಲ್ಲಿಸಬೇಕು. ಆ ಪುಟ್ಟ ಫ್ಲೋಟಿಗಿರುವ ಬಲ ಎಷ್ಟು? ಎದುರಿನಿಂದ ಎರಡು ಪಟ್ಟು ಒತ್ತಡದಲ್ಲಿ ಪೆಟ್ರೋಲ್ ಬಂದರೆ ವಾಲ್ವ್ ಮುಚ್ಚಿಯೂ ಮುಚ್ಚಿರುವುದಿಲ್ಲ. ಬಟ್ಟಲು ಉಕ್ಕಿ, ಹೆಚ್ಚಾದದ್ದು ಎಂಜಿನ್ ಒಳಗೂ ಹೊರಗೂ ಹರಿಯುತ್ತದೆ. ಮಧ್ಯೆ ಒಂದು ಪ್ರೆಶರ್ ರೆಗ್ಯುಲೇಟರ್, ಒಂದು ಗೇಜ್ ಇದ್ದಿದ್ದರೆ ಈ ಬರಹವೇ ಬೇಕಿರಲಿಲ್ಲ.

ಸೂಚನೆಗಳು ಬರಲಿಲ್ಲ ಅಂತಿಲ್ಲ. ಮನೆಯಾಕೆ ಮೂರು ದಿನ ಹೇಳಿದಳು, "ರೀ, ನಿಮ್ಮ ಶರ್ಟೆಲ್ಲ ಪೆಟ್ರೋಲ್ ವಾಸನೆ." ಹಳೇ ಕಾರಿದ್ದವರ ಮನೆಯಲ್ಲಿ ಇದು ಸಾಮಾನ್ಯ ಅಂತ ನಕ್ಕೆ. ಡಿಪ್‌ಸ್ಟಿಕ್ ಎಳೆದು ನೋಡಿದಾಗ ಆಯಿಲ್ ಮಟ್ಟ ಮೇಲಿನ ಗೆರೆ ದಾಟಿತ್ತು. ಆಯಿಲ್ ಹಾಕದೆ ಆಯಿಲ್ ಹೆಚ್ಚಾಗಿದೆ! ಅದು ಪೆಟ್ರೋಲು. ಸಿಲಿಂಡರ್ ಗೋಡೆಯ ಜಿಡ್ಡು ತೊಳೆದುಕೊಂಡು ಪಿಸ್ಟನ್ ರಿಂಗ್ ದಾಟಿ ಕೆಳಗಿಳಿದಿತ್ತು. ತೆಳುವಾದ ಆ ಆಯಿಲಿನಲ್ಲಿ ಬೇರಿಂಗುಗಳು ಎಷ್ಟು ಸವೆದವೋ ದೇವರೇ ಬಲ್ಲ. ಆಗ ನನಗೆ ಹೊಳೆದದ್ದು ಮಾತ್ರ, "ಹೋದ ಸಲ ಜಾಸ್ತಿ ಹಾಕಿಬಿಟ್ಟಿದ್ದೆ ಅನ್ನಿಸುತ್ತೆ."

ಆ ಸಂಜೆ ಬಾನೆಟ್ ತೆರೆದು ಎಂಜಿನ್ ಓಡುತ್ತಿರುವಾಗಲೇ ಐಡ್ಲಿಂಗ್ ಸ್ಕ್ರೂ ತಿರುಗಿಸುತ್ತಿದ್ದೆ. ಥ್ರಾಟಲ್ ಶಾಫ್ಟಿನ ತುದಿಯಲ್ಲಿ ಒಂದು ಹನಿ ಕಂಡಿತು. ಎಂಜಿನ್ ನಡುಕಕ್ಕೆ ಅದೂ ನಡುಗುತ್ತಾ, ಉದ್ದವಾಗುತ್ತಾ, ಕೊನೆಗೆ ಕಳಚಿ ಬಿತ್ತು. ನೇರ ಕೆಳಗೆ ಎಕ್ಸಾಸ್ಟ್ ಮ್ಯಾನಿಫೋಲ್ಡು, ಎಂಜಿನ್ನಿನ ಹೊಗೆ ಹಾಯುವ ಬಿಸಿಬಿಸಿ ಕೊಳವೆ. ಚುಸ್ ಅಂದಿತು, ಒಂದೆಳೆ ಆವಿ ಎದ್ದಿತು, ಅಷ್ಟೇ. ಅಲ್ಲಿ ಒದ್ದೆ ಇಲ್ಲ, ಕಲೆ ಇಲ್ಲ, ಕಂದುಬಣ್ಣದ ಒಂದು ಸಣ್ಣ ಉಂಗುರ ಬಿಟ್ಟರೆ. ಇಷ್ಟು ದಿನ ಲೀಕ್ ಕಣ್ಣಿಗೆ ಬೀಳದಿದ್ದದ್ದು ಇದಕ್ಕೇ. ಕೆಳಗೆ ನೆಲ ಸೇರುವ ಮೊದಲೇ ಒಣಗಿಹೋಗುತ್ತಿತ್ತು. ಮತ್ತೊಂದು ಹನಿ ಕೂಡತೊಡಗಿತು.

"ಭಾವ, ಇದು ಸರಿ ಇಲ್ಲ. ಇವತ್ತು ಓಡಿಸೋದು ಬೇಡ."

"ಫ್ಲೋಟ್ ಲೆವೆಲ್ ಒಂದು ಸ್ವಲ್ಪ ಮೇಲಿದೆ ಕಣೋ. ನಾಳೆ ಸರಿ ಮಾಡ್ತೀನಿ, ಬಾ."

ಬಟ್ಟೆಯಲ್ಲಿ ಒರೆಸಿ, ಬಾನೆಟ್ ಹಾಕಿ ಹೊರಟೆ. ಬರೆಯುವಾಗಲೂ ನಾಚಿಕೆಯಾಗುತ್ತದೆ.

ಹಿಂದಿರುಗುವಾಗ ಒಂದು ಇಳಿಜಾರಿನಲ್ಲಿ ಎಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದೆ. ಮುಂದೆ ಪಟ್ ಅಂತ ಸದ್ದಾಯಿತು. ದಿನಾ ಕೇಳುತ್ತಿದ್ದ ಸದ್ದೇ. ಈ ಸಲ ಬಾನೆಟ್ಟಿನ ಸಂದಿಯಿಂದ ಹೊಗೆ ಬಂತು. ಕಾರು ಪಕ್ಕಕ್ಕೆ ನಿಲ್ಲಿಸಿ ಓಡಿಹೋಗಿ ಬಾನೆಟ್ ಎತ್ತಿದೆ. ಎತ್ತಿದ್ದೇ ತಡ, ಒಳಗೆ ಮಿಣಮಿಣ ಅನ್ನುತ್ತಿದ್ದದ್ದು ಭಗ್ಗನೆ ಮೇಲೆದ್ದು ನನ್ನ ಕೈ ನೆಕ್ಕಿತು. ಕಾಯುತ್ತಿದ್ದ ಬೆಂಕಿಗೆ ಗಾಳಿ ಕೊಟ್ಟವನು ನಾನೇ. "ಭಾವ, ಬಿಡಿ ಅದನ್ನ, ಕೆಳಗೆ ಬಿಡಿ!" ಅಂತ ಒಳಗಿಂದ ಕೂಗು. ಬಿಟ್ಟೆ. ನಾನು ಇಳಿಯುವಾಗ ಕೀ ಆಫ್ ಮಾಡಿರಲಿಲ್ಲ. ಪಂಪಿಗೆ ವೈರ್ ಕೊಟ್ಟದ್ದು ನೇರ ಇಗ್ನಿಷನ್ನಿನಿಂದ, ಹಾಗಾಗಿ ಹಿಂದಿನ ಟ್ಯಾಂಕಿನಿಂದ ಅದು ಟಕಟಕ ಅಂತ ಪೆಟ್ರೋಲ್ ತಂದು ಬೆಂಕಿಗೆ ಸುರಿಯುತ್ತಲೇ ಇತ್ತು. ಭಾವಮೈದ ಕೀ ತಿರುಗಿಸಿದ, ಬೆಂಕಿ ನಂದಿಸುವ ಸಿಲಿಂಡರ್ ಎಳೆದುಕೊಂಡು ಬಂದ, ಬಾನೆಟ್ಟನ್ನು ನಾಲ್ಕು ಬೆರಳು ಮಾತ್ರ ಎತ್ತಿ ಆ ಸಂದಿಯಿಂದ ಒಳಕ್ಕೆ ಪೌಡರ್ ಹೊಡೆದ. ಆರಿತು. ಬೆಂಕಿ ಕೈ ಮೀರಿದ್ದರೆ ಎಲ್ಲ ಬಿಟ್ಟು ದೂರ ಓಡುವುದೊಂದೇ ಸರಿಯಾದ ಕೆಲಸ; ನೀರು ಹಾಕುವುದಂತೂ ಬೇಡವೇ ಬೇಡ, ಪೆಟ್ರೋಲ್ ನೀರಿನ ಮೇಲೆ ತೇಲುತ್ತಾ ಉರಿ ಹರಡುತ್ತದೆ.

ಕಾರನ್ನು ಎಳೆಸಿಕೊಂಡು ಮೆಕ್ಯಾನಿಕ್ ಹತ್ತಿರ ಹೋದೆ. ಹಿರಿಯರು. ಸುಟ್ಟದ್ದನ್ನು ನೋಡಿದರು, ಬೈಯಲಿಲ್ಲ. "ಹಳೇದು ಎಲ್ಲಿ ಸಾರ್?" ಅಂದರು. ತಂದುಕೊಟ್ಟೆ. ಪಕ್ಕದ ನಾಲ್ಕು ಸ್ಕ್ರೂ ಬಿಚ್ಚಿ ಒಂದು ರಬ್ಬರ್ ಡಯಾಫ್ರಂ ತೆಗೆದು ಬೆಳಕಿಗೆ ಹಿಡಿದರು. ಅಂಚಿನಲ್ಲಿ ಉಗುರಿನಷ್ಟು ಉದ್ದದ ಸೀಳು. ಆಕ್ಸಿಲರೇಟರ್ ಪಂಪಿನ ಡಯಾಫ್ರಂ ಅದು. ಥ್ರಾಟಲ್ ಒಮ್ಮೆಲೇ ತೆರೆದಾಗ ಗಾಳಿ ತಕ್ಷಣ ನುಗ್ಗುತ್ತದೆ, ಭಾರವಾದ ಪೆಟ್ರೋಲ್ ಹಿಂದೆ ಬೀಳುತ್ತದೆ. ಆ ಕೊರತೆ ತುಂಬಲು ಈ ಪಂಪ್ ಒಂದು ಪಿಚಕಾರಿ ಪೆಟ್ರೋಲ್ ಚಿಮ್ಮಿಸಬೇಕು. ಅದು ಹರಿದಿತ್ತು, ಅದಕ್ಕೇ ಆ ಒಂದು ಕ್ಷಣದ ತಡವರಿಕೆ. ನೋಡಲು ಕಾರ್ಬೊರೇಟರ್ ಬಿಚ್ಚಬೇಕಾಗಿರಲಿಲ್ಲ. ಎಂಜಿನ್ ಆಫ್ ಮಾಡಿ, ತಣ್ಣಗಿರುವಾಗ ಏರ್ ಫಿಲ್ಟರ್ ತೆಗೆದು, ಟಾರ್ಚ್ ಬೆಳಕು ಬಿಟ್ಟು ಗಂಟಲೊಳಗೆ ನೋಡುತ್ತಾ ಕೈಯಲ್ಲಿ ಥ್ರಾಟಲ್ ಎಳೆದರೆ ಗಟ್ಟಿ ಧಾರೆ ಚಿಮ್ಮಬೇಕು. ಚಿಮ್ಮದಿದ್ದರೆ ಅಲ್ಲೇ ರೋಗ. ಎರಡು ನಿಮಿಷದ ಕೆಲಸ.

ಇಷ್ಟು ಓದಿಯೂ ದೊಡ್ಡದೇ ಬೇಕು ಅನ್ನುವವರಿಗೆ ಬೇಡ ಅನ್ನುವ ಹಕ್ಕು ನನಗಿಲ್ಲ, ಸರಿಯಾಗಿ ಮಾಡಿಕೊಂಡವರೂ ಇದ್ದಾರೆ. ಅವರೆಲ್ಲ ಮೊದಲು ಪೆಟ್ರೋಲ್ ಪ್ರೆಶರ್ ಅಳೆದವರು. ಎಲೆಕ್ಟ್ರಿಕ್ ಪಂಪ್ ಹಾಕಿದರೆ ಎಂಜಿನ್ ನಿಂತ ಕೂಡಲೇ ಪಂಪ್ ತಾನಾಗಿ ನಿಲ್ಲುವಂತೆ ಆಯಿಲ್ ಪ್ರೆಶರ್ ಸ್ವಿಚ್ಚನ್ನೋ ರಿಲೇಯನ್ನೋ ನಡುವೆ ತರುತ್ತಾರೆ. ಹಳೇ ರಬ್ಬರ್ ಹೋಸನ್ನು ಎಥನಾಲ್ ತಿನ್ನುತ್ತದೆ, ಅದನ್ನು ತಾಳುವ ಹೋಸ್ ಹಾಕುತ್ತಾರೆ. ಬಾನೆಟ್ ಮುಚ್ಚಿದ ಸ್ಥಿತಿಯಲ್ಲೂ ಎಕ್ಸಿಲರೇಟರ್ ಪೂರ್ತಿ ಒತ್ತಿ ಬಿಟ್ಟರೆ ಥ್ರಾಟಲ್ ತಾನೇ ವಾಪಸ್ ಬರುತ್ತದೆಯೇ ನೋಡುತ್ತಾರೆ, ಎರಡನೇ ಸ್ಪ್ರಿಂಗೊಂದನ್ನು ಕಟ್ಟುತ್ತಾರೆ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಪೈಪ್ ಯಾವ ತೂತಿಗೆ ಅಂತ ಊಹಿಸುವುದಿಲ್ಲ. ಮಿಶ್ರಣವನ್ನು ಕಿವಿಯಿಂದಲ್ಲ, ಸೈಲೆನ್ಸರ್ ಪೈಪಿಗೆ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ ಓದುತ್ತಾರೆ: ಶುದ್ಧ ಪೆಟ್ರೋಲಾದರೆ ತೂಕದ ಲೆಕ್ಕದಲ್ಲಿ 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್, ಪೂರ್ತಿ ಎಳೆಯುವಾಗ ಹೆಚ್ಚುಕಡಿಮೆ 12.5ರಿಂದ 13. ಇದೆಲ್ಲ ಮುಗಿಯುವಷ್ಟರಲ್ಲಿ ಕಾರ್ಬೊರೇಟರಿಗಿಂತ ಅದರ ಸುತ್ತಲಿನದಕ್ಕೇ ಹೆಚ್ಚು ದುಡ್ಡಾಗಿರುತ್ತದೆ.

ನನ್ನ ಕಾರಿನ ಮೇಲೆ ಈಗ ಹಳೇದೇ ಕೂತಿದೆ, ಹೊಸ ಡಯಾಫ್ರಂ ಹಾಕಿಕೊಂಡು. ತಡವರಿಕೆ ಇಲ್ಲ. ಹೊಸದು ಮಸಿ ಹಿಡಿದು ಶೆಲ್ಫಿನ ಮೇಲಿದೆ. ಮೊನ್ನೆ ಒಬ್ಬರು ಅದನ್ನು ಕೊಡ್ತೀರಾ ಅಂತ ಫೋನ್ ಮಾಡಿದ್ದರು. ನಿಮ್ಮ ಪಂಪಿನ ಪ್ರೆಶರ್ ಅಳೆದು ಹೇಳಿ, ಆಮೇಲೆ ಮಾತಾಡೋಣ ಅಂದೆ.

"ಪ್ರೆಶರ್ ಬಿಡಿ ಸಾರ್, ಬೋಲ್ಟ್ ತೂತು ಸರಿಯಾಗಿ ಕೂರುತ್ತಾ ಹೇಳಿ."