ಸ್ಟಿಕ್ಕರ್ ನೋಡಿ ಲ್ಯಾಪ್‌ಟಾಪ್ ತಗೊಂಡೆ, ಮದುವೆ ಸೀಸನ್ ಕೈಕೊಟ್ಟಿತು

ರಾಣೆಬೆನ್ನೂರಿನಲ್ಲಿ ನಮ್ಮದೊಂದು ಚಿಕ್ಕ ಸ್ಟುಡಿಯೋ ಇದೆ. ಒಂದೇ ಕೋಣೆ, ಎರಡು ಕಸುಬು. ನಾನು ಮದುವೆ ವಿಡಿಯೋ ಎಡಿಟ್ ಮಾಡುತ್ತೇನೆ, ಆಲ್ಬಮ್ ಡಿಸೈನ್ ಮಾಡುತ್ತೇನೆ. ಹೆಂಡತಿ ಡಿಟಿಪಿ ನೋಡಿಕೊಳ್ಳುತ್ತಾಳೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡ್, ಬಿಲ್ ಬುಕ್, ಜೊತೆಗೆ ಎರಡು ಅಂಗಡಿಗಳ ಟ್ಯಾಲಿ ಲೆಕ್ಕ. 2014ರಲ್ಲಿ ಜೋಡಿಸಿದ ಒಂದು ಅಸೆಂಬಲ್ಡ್ ಡೆಸ್ಕ್‌ಟಾಪ್ ಎಂಟೊಂಬತ್ತು ವರ್ಷ ಇಬ್ಬರನ್ನೂ ಸಾಕಿತ್ತು. 4ಕೆ ವಿಡಿಯೋ ಬಂದ ಮೇಲೆ ಪಾಪ ಅದಕ್ಕೆ ಉಸಿರು ಸಾಲಲಿಲ್ಲ.

2023ರ ಫೆಬ್ರವರಿಯಲ್ಲಿ, ಮದುವೆ ಸೀಸನ್ನಿಗೆ ಸ್ವಲ್ಪ ಮುಂಚೆ, 78,500 ರೂಪಾಯಿ ಕೊಟ್ಟು ಒಂದು ಹೊಸ ಲ್ಯಾಪ್‌ಟಾಪ್ ತಂದೆ. ಯಾವ ಕಂಪನಿ, ಯಾವ ಅಂಗಡಿ ಅಂತ ಹೇಳಲ್ಲ, ದಯವಿಟ್ಟು ಕೇಳಬೇಡಿ. ಅದೇ ತರಹದ ಮಷೀನು ಎಲ್ಲ ಕಂಪನಿಯಲ್ಲೂ ಇದೆ, ಅದೇ ಮಾತು ಹೇಳುವವರು ಎಲ್ಲ ಊರಲ್ಲೂ ಇದ್ದಾರೆ. ನಾನು ಎಲ್ಲಿ ಎಡವಿದೆ ಅನ್ನೋದನ್ನು ಮಾತ್ರ ಹೇಳುತ್ತೇನೆ.

ನನ್ನ ಮುಂದೆ ಮೂರು ದಾರಿ ಇದ್ದವು. ಬೆಂಗಳೂರಿನ ಕಂಪ್ಯೂಟರ್ ಮಾರ್ಕೆಟ್ ಎಸ್‌ಪಿ ರೋಡಿಗೆ ಹೋಗಿ ಇನ್ನೊಂದು ಅಸೆಂಬಲ್ಡ್ ಮಷೀನು ಕಟ್ಟಿಸೋದು. ಇಲ್ಲಾ ವಿಂಡೋಸ್ ಲ್ಯಾಪ್‌ಟಾಪ್. ಇಲ್ಲಾ, ಬೆಂಗಳೂರಿನಲ್ಲಿರುವ ಭಾಮೈದ ದಿನಾ ಫೋನ್ ಮಾಡಿ ಹೇಳುತ್ತಿದ್ದ ಹಾಗೆ, ಆಪಲ್‌ನ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್. ಒಂದು ತಿಂಗಳು ಯೂಟ್ಯೂಬ್ ನೋಡಿದೆ. ಪುಸ್ತಕದ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು ರ್‍ಯಾಮ್ ಎಷ್ಟು, ಗ್ರಾಫಿಕ್ಸ್ ಕಾರ್ಡ್ ಯಾವುದು, ಸ್ಕೋರ್ ಎಷ್ಟು ಅಂತ ಬರೆದಿಟ್ಟೆ. ಅಷ್ಟೆಲ್ಲ ಮಾಡಿದವನು ಅಂಗಡಿಗೆ ಹೋಗುವಾಗ ನನ್ನ ಸ್ವಂತ ಕೆಲಸದ ಒಂದು ಫೈಲ್ ಕೂಡ ಜೇಬಿನಲ್ಲಿ ಇಟ್ಟುಕೊಂಡು ಹೋಗಲಿಲ್ಲ ನೋಡಿ.

ಅಂಗಡಿಯವರು ಪ್ರೊಸೆಸರ್ ಚಿಪ್ಪಿನ ಸ್ಟಿಕ್ಕರ್ ತೋರಿಸಿದರು. "ಸರ್, ಇದು 7. ನೀವು ನೋಡ್ತಿರೋದು 5. ವಿಡಿಯೋಗೆ 7 ಬೇಕೇ ಬೇಕು." ಎನ್‌ವಿಡಿಯಾ ಕಾರ್ಡ್ ಇದೆ, ರ್‍ಯಾಮ್ ಈಗ 8 ಜಿಬಿ, "ಆಮೇಲೆ ಹಾಕ್ಸಿಕೊಳ್ಳಿ ಸರ್, ಏನೂ ತೊಂದರೆ ಇಲ್ಲ". ಡೆಮೋ ವಿಡಿಯೋ ಒಂದನ್ನು ಓಡಿಸಿದರು. ನವಿಲು ಕುಣಿಯಿತು, ಜಲಪಾತ ಹರಿಯಿತು. ನಾನು ಬ್ಯಾಂಕ್ ಕಾರ್ಡ್ ಉಜ್ಜಿದೆ.

ಮೊದಲ ಪೆಟ್ಟು ಬಿದ್ದಿದ್ದು ಎಡಿಟ್ ಮುಗಿಸಿದ ವಿಡಿಯೋ ಹೊರತೆಗೆಯುವ ಎಕ್ಸ್‌ಪೋರ್ಟಿನಲ್ಲಿ. ಎರಡು ನಿಮಿಷದ ಟೀಸರ್ ಪಟಪಟ ಅಂತ ಹೊರಗೆ ಬಂತು, ಖುಷಿಯಾಯಿತು. ಎರಡು ಗಂಟೆಯ ಪೂರ್ತಿ ಮದುವೆ ಹಾಕಿದೆ. ಹತ್ತು ನಿಮಿಷ ಓಡಿತು, ಆಮೇಲೆ ತೆವಳಲು ಶುರು. ಫ್ಯಾನು ಹಿಟ್ಟಿನ ಗಿರಣಿ ಥರ ಕೂಗುತ್ತಿತ್ತು. ಏಪ್ರಿಲ್‌ನಲ್ಲಿ ನಮ್ಮ ಕಡೆ ಬಿಸಿಲು ಹೇಗಿರುತ್ತೆ ಗೊತ್ತಲ್ವಾ, ಅದರಲ್ಲಿ ತಗಡಿನಷ್ಟು ತೆಳ್ಳಗಿನ ಮಷೀನು. ಬಿಸಿಯಾದ ಕೂಡಲೇ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತಿತ್ತು.

ಆಮೇಲೆ ತಿಳಿಯಿತು. 5, 7 ಅನ್ನೋ ಅಂಕಿಗಿಂತ ಹೆಸರಿನ ಕೊನೆಯ ಅಕ್ಷರ ನೋಡಬೇಕಿತ್ತು. ನನ್ನದರ ಕೊನೆಯಲ್ಲಿ ಯು ಇತ್ತು. ಯು ಅಂದರೆ ಬ್ಯಾಟರಿ ಉಳಿಸುವ, ಸುಮಾರು 15 ವ್ಯಾಟ್‌ ಲೆಕ್ಕದ ಚಿಪ್. ಹೆಚ್ ಅಂದರೆ 45 ವ್ಯಾಟ್‌ ಲೆಕ್ಕದ್ದು. ನನ್ನದಲ್ಲ, ಉದಾಹರಣೆಗೆ ಇಂಟೆಲ್‌ನ ಒಂದೇ ತಲೆಮಾರಿನ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ: ಐ7-1255ಯುನಲ್ಲಿ ದೊಡ್ಡ ಕೋರ್, ಅಂದರೆ ಭಾರದ ಕೆಲಸ ಮಾಡುವ ಭಾಗ, ಎರಡೇ. ಐ5-12500ಹೆಚ್‌ನಲ್ಲಿ ನಾಲ್ಕು. ಗಂಟೆಗಟ್ಟಲೆ ದುಡಿಯುವ ಕೆಲಸಕ್ಕೆ ಆ "ಚಿಕ್ಕ" 5 ಮುಂದಿರುತ್ತೆ. ಗ್ರಾಫಿಕ್ಸ್ ಕಾರ್ಡಿನ ಕಥೆಯೂ ಹೀಗೇ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 3050 ಒಂದರಲ್ಲಿ 35 ವ್ಯಾಟ್‌, ಇನ್ನೊಂದರಲ್ಲಿ 80 ವ್ಯಾಟ್‌ ಇರಬಹುದು. ಹೊರಗೆ ಅಂಟಿಸುವ ಸ್ಟಿಕ್ಕರ್ ಎರಡಕ್ಕೂ ಒಂದೇ.

ಎರಡನೆಯದು ಇನ್ನೂ ಜಾಸ್ತಿ ಕಾಡಿತು. ಆ ವರ್ಷ ನಮ್ಮ ಜೊತೆ ಶೂಟಿಂಗಿಗೆ ಬರುವ ಹುಡುಗ ಹೊಸ ಸೋನಿ ಕ್ಯಾಮೆರಾ ತಗೊಂಡಿದ್ದ. ಹೆಚ್ಚು ಬಣ್ಣ ಹಿಡಿದಿಡುವ ವಿಡಿಯೋ ಬಗೆ ಅದರದ್ದು: 10 ಬಿಟ್, 4:2:2, ಹೆಚ್.265. ಬಣ್ಣ ತಿದ್ದೋಕೆ ಸೊಗಸಾದ ಫೈಲ್. ಟೈಮ್‌ಲೈನಿಗೆ ಎಳೆದು ಹಾಕಿದರೆ ಮಾಂಗಲ್ಯಧಾರಣೆ ಸ್ಲೈಡ್ ಶೋ ಆಗಿತ್ತು! ವರ ಕೈ ಎತ್ತುತ್ತಾನೆ, ನಿಲ್ಲುತ್ತಾನೆ. ವಾಲಗದವರು ಮುಂದೆ ಹೋಗಿಬಿಡುತ್ತಾರೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಅಂಗಡಿಯಲ್ಲಿ ಯಾರೂ ಹೇಳಲ್ಲ. ಇಂಥ ವಿಡಿಯೋವನ್ನು ಬಿಚ್ಚಿ ತೋರಿಸಲು ಚಿಪ್ಪಿನೊಳಗೆ ಅದಕ್ಕೇ ಅಂತ ಒಂದು ಭಾಗ ಬೇಕು. ಇಂಟೆಲ್‌ನ 11ನೇ ತಲೆಮಾರಿನಿಂದ ಒಳಗಿರುವ ಗ್ರಾಫಿಕ್ಸ್ ಹೆಚ್.265 4:2:2 ಫೈಲನ್ನು ಬಿಚ್ಚುತ್ತೆ. ಆಪಲ್ ಎಂ1ನಿಂದ ಈಚೆಗೆ ಎಲ್ಲವೂ ಬಿಚ್ಚುತ್ತವೆ. ಎನ್‌ವಿಡಿಯಾ ಕಾರ್ಡುಗಳಲ್ಲಿ 50ರ ಸರಣಿ ಬರುವ ತನಕ ಈ ಸೌಲಭ್ಯ ಇರಲೇ ಇಲ್ಲ, ಎಷ್ಟೇ ದುಬಾರಿ ಕಾರ್ಡ್ ಆಗಿರಲಿ. ನನ್ನ ಲ್ಯಾಪ್‌ಟಾಪಿನ ಚಿಪ್ ಈ ಪಟ್ಟಿಯಲ್ಲೇ ಇಲ್ಲ, ಅದಕ್ಕೂ ಬರಲ್ಲ, ಕಾರ್ಡಿಗೂ ಬರಲ್ಲ. ಕಡೆಗೆ ಪ್ರತಿ ಮದುವೆಗೂ ಪ್ರಾಕ್ಸಿ, ಅಂದರೆ ಎಡಿಟಿಗೆ ಅಂತ ಹಗುರವಾದ ನಕಲು, ಮಾಡಿಕೊಂಡೆ. ರಾತ್ರಿ ಪ್ರಾಕ್ಸಿಗೆ ಹಾಕಿ ಮಲಗೋದು, ಬೆಳಿಗ್ಗೆ ಎದ್ದು ಎಡಿಟ್. ನಡುವೆ ಕರೆಂಟ್ ಹೋದರೆ ದೇವರೇ ಗತಿ.

ಆದರೆ ದುಡ್ಡು ತಿಂದದ್ದು ಇವೆರಡೂ ಅಲ್ಲ, ಪರದೆ.

ಮೇ ತಿಂಗಳಲ್ಲಿ ಒಂದು ಕರಿಜ್ಮಾ ಆಲ್ಬಮ್ ಮಾಡಿದೆ. 12x36 ಇಂಚು, ನಲವತ್ತು ಶೀಟ್. ಪರದೆಯಲ್ಲಿ ಮುಖಗಳೆಲ್ಲ ಸಪ್ಪೆ, ಧಾರೆ ಸೀರೆಯ ಕೆಂಪು ಒಗೆದು ಒಗೆದು ಮಾಸಿದ ಹಾಗೆ. ಕ್ಯಾಮೆರಾದವನನ್ನು ಮನಸ್ಸಿನಲ್ಲೇ ಬೈದುಕೊಂಡು ಕೆಂಪು ಏರಿಸಿದೆ, ಹಳದಿ ಏರಿಸಿದೆ. ಹುಬ್ಬಳ್ಳಿಯ ಲ್ಯಾಬಿನಿಂದ ಪ್ರಿಂಟ್ ಬಂತು. ಮದುಮಗಳ ಅಪ್ಪ ಎರಡು ಹಾಳೆ ತಿರುವಿ, ಕನ್ನಡಕ ತೆಗೆದು ಕೇಳಿದರು: "ಏನ್ರೀ, ನಮ್ಮ ಹುಡುಗಿ ಮುಖಕ್ಕೆ ಕುಂಕುಮ ಬಳದೀರೇನು?"

ಹಳೇ ಡೆಸ್ಕ್‌ಟಾಪಿನ ಮಾನಿಟರಿನಲ್ಲಿ ಅದೇ ಫೈಲ್ ತೆರೆದರೆ ಎಲ್ಲರೂ ಅರಿಶಿನ ಶಾಸ್ತ್ರ ಮುಗಿಸಿ ಬಂದ ಹಾಗೆ ಕಾಣುತ್ತಿದ್ದರು. ಲ್ಯಾಪ್‌ಟಾಪಿನದು 45% ಎನ್‌ಟಿಎಸ್‌ಸಿ ಪರದೆ. ಅಂದರೆ ಸಾಮಾನ್ಯ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಹೆಚ್ಚುಕಮ್ಮಿ ಮೂರನೇ ಎರಡು ಭಾಗ ಮಾತ್ರ ತೋರಿಸುತ್ತೆ, ಉಳಿದದ್ದು ಅದಕ್ಕೆ ಗೊತ್ತೇ ಇಲ್ಲ. ಬಜೆಟ್ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲೂ ಈ ಪರದೆ ಧಾರಾಳವಾಗಿ ಸಿಗುತ್ತೆ. ಕಾರ್ಡಿಗೆ ಖರ್ಚು ಮಾಡಿ ಪರದೆಯಲ್ಲಿ ಉಳಿಸುತ್ತಾರೆ. ಡಬ್ಬದ ಮೇಲೆ "ಫುಲ್ ಹೆಚ್‌ಡಿ, 144 ಹರ್ಟ್ಸ್" ಅಂತ ದೊಡ್ಡದಾಗಿ ಇರುತ್ತೆ, ಬಣ್ಣದ ಸುದ್ದಿ ಇರಲ್ಲ. ಆಲ್ಬಮ್, ಕಾರ್ಡ್, ಬ್ಯಾನರ್ ಮಾಡುವವರು 100% ಎಸ್‌ಆರ್‌ಜಿಬಿ ಅಂತ ಬರೆದಿದ್ದರೆ ಮಾತ್ರ ಮುಟ್ಟಿ. ನಲವತ್ತು ಶೀಟೂ ನನ್ನ ಕೈಯಿಂದ ಮತ್ತೆ ಪ್ರಿಂಟ್ ಹಾಕಿಸಿದೆ. ಆ ದುಡ್ಡಿನಲ್ಲಿ ಒಂದು ಒಳ್ಳೆಯ ಮಾನಿಟರ್ ಬರುತ್ತಿತ್ತು.

ರ್‍ಯಾಮ್ ಹಾಕಿಸೋಣ ಅಂತ ಹೋದರೆ ಸ್ಲಾಟೇ ಇಲ್ಲ. ಎಲ್ಲ ಬೋರ್ಡಿಗೇ ಬೆಸುಗೆ. ಅಂಗಡಿಗೆ ಹೋಗಿ ಕೇಳಿದೆ. "ಸೀಲ್ ಒಡೆದ ಮೇಲೆ ವಾಪಸ್ ಇಲ್ಲ ಸರ್." ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಜಿಎಸ್‌ಟಿ ಬಿಲ್ ಇದ್ದದ್ದು ಪುಣ್ಯ. ಆದರೆ ಬಿಲ್ಲಿನಲ್ಲಿ 8 ಜಿಬಿ ಅಂತಲೇ ಇದೆ, ಕೊಟ್ಟದ್ದೂ 8 ಜಿಬಿಯೇ. "ಆಮೇಲೆ ಹಾಕ್ಸಿಕೊಳ್ಳಿ" ಅಂದದ್ದು ಬಾಯಿಮಾತು, ಅದಕ್ಕೆ ಸಾಕ್ಷಿ ಎಲ್ಲಿಂದ ತರಲಿ? ಈಗ ಏನೇ ಕೊಳ್ಳುವುದಿದ್ದರೂ ಪೂರ್ತಿ ಮಾಡೆಲ್ ನಂಬರನ್ನು ಮತ್ತು ಇಂಥ ಮಾತುಗಳನ್ನು ವಾಟ್ಸಾಪಿನಲ್ಲಿ ಕಳಿಸಿ ಅಂತ ಕೇಳುತ್ತೇನೆ. ಕೆಲವರು ಕಳಿಸಲ್ಲ. ಅವರ ಅಂಗಡಿಗೆ ನಾನು ಹೋಗಲ್ಲ.

"ಹೇಳಿರಲಿಲ್ವಾ ಭಾವ?" ಅಂದ ಭಾಮೈದ. ಮುಂದಿನ ವಾರ ತನ್ನ ಮ್ಯಾಕ್‌ಬುಕ್ ಏರ್ ತಂದುಕೊಟ್ಟ, ಒಂದು ವಾರ ಇಟ್ಟುಕೊಳ್ಳಿ ಅಂದ. ವಿಡಿಯೋ ಬೆಣ್ಣೆಯ ಹಾಗೆ ಓಡಿತು. ಅದರಲ್ಲಿ ಫ್ಯಾನೇ ಇಲ್ಲ. ಪರದೆಯೂ ಚೆನ್ನ. ನಾನಂತೂ ಮನಸ್ಸಿನಲ್ಲಿ ಕೊಂಡಾಗಿತ್ತು.

ಹೆಂಡತಿ ಬಂದು ಕೂತಳು. "ರೀ, ಇದರಲ್ಲಿ ನುಡಿ ಎಲ್ಲಿದೆ?"

ಇಲ್ಲ. ಕನ್ನಡ ಗಣಕ ಪರಿಷತ್ತಿನ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿ ವಿಂಡೋಸಿಗಾಗಿ ಮಾಡಿದ್ದು. ಅವಳ ಟ್ಯಾಲಿಯೂ ವಿಂಡೋಸಿನದ್ದೇ. ಹಳೇ ಕಾರ್ಡುಗಳೆಲ್ಲ ಇರುವುದು ಪೇಜ್‌ಮೇಕರ್ 7ರಲ್ಲಿ. ಅದು 2001ರ ಸಾಫ್ಟ್‌ವೇರ್, ನಮ್ಮ ಕಡೆಯ ಡಿಟಿಪಿಯವರು ಇನ್ನೂ ಬಿಟ್ಟಿಲ್ಲ, ಇವತ್ತಿನ ಮ್ಯಾಕಿನಲ್ಲಿ ಅದು ಓಡಲ್ಲ. ಮ್ಯಾಕಿನಲ್ಲೂ ಕನ್ನಡ ಚೆನ್ನಾಗಿ ಟೈಪ್ ಮಾಡಬಹುದು, ಆದರೆ ಅದು ಯೂನಿಕೋಡ್, ಎಲ್ಲ ಕಡೆ ಒಂದೇ ಥರ ಓದಿಸಿಕೊಳ್ಳುವ ಈಗಿನ ಪದ್ಧತಿ. ಅವಳ ಸಾವಿರಾರು ಕಾರ್ಡುಗಳು ಇಂಗ್ಲಿಷ್ ಅಕ್ಷರ-ಚಿಹ್ನೆಗಳ ಜಾಗದಲ್ಲಿ ಕನ್ನಡ ಕೂರಿಸಿದ ಹಳೇ ಆಸ್ಕಿ ಫಾಂಟಿನಲ್ಲಿವೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ "ಕನ್ನಡ" ಅನ್ನೋ ಪದದ ನಡುವೆ ಬ್ರಿಟನ್ನಿನ ಪೌಂಡ್ ಚಿಹ್ನೆ ಕೂತಿರುತ್ತೆ. ಕನ್ವರ್ಟರ್‌ಗಳಿವೆ, ನಿಜ. ಅವು ಅಕ್ಷರ ಬದಲಿಸುತ್ತವೆ, ಗಣಪತಿ ಚಿತ್ರದ ಕೆಳಗೆ ಕಮಾನಿನಂತೆ ಬಾಗಿಸಿ ಕೂರಿಸಿದ "ಶ್ರೀ ವೀರಭದ್ರೇಶ್ವರ ಪ್ರಸನ್ನ"ವನ್ನು ಹಾಗೇ ಎತ್ತಿ ತರಲ್ಲ. ಮ್ಯಾಕಿನಲ್ಲೇ ವಿಂಡೋಸ್ ಹಾಕಿಕೊಳ್ಳಿ ಅಂತ ಒಬ್ಬರು ಹೇಳಿದರು. ಹಿಂದೆ ಇಂಟೆಲ್ ಚಿಪ್ಪಿನ ಮ್ಯಾಕುಗಳಲ್ಲಿ ಬೂಟ್ ಕ್ಯಾಂಪ್ ಅಂತ ಇತ್ತು. ಎಂ1ನಿಂದ ಈಚೆಗೆ ಅದೂ ಇಲ್ಲ. ಏಳನೇ ದಿನ ಮ್ಯಾಕನ್ನು ಒರೆಸಿ, ಚೀಲಕ್ಕೆ ಹಾಕಿ ವಾಪಸ್ ಕೊಟ್ಟೆ.

ಅವತ್ತು ಹೆಂಡತಿ ಹೇಳಿದ್ದು ನನ್ನ ಗೆರೆ ಎಳೆದ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. "ನನಗೆ ಹೊಸದು ಬೇಕು ಅಂತ ಯಾರಂದ್ರು?" ಹಳೇ ಡೆಸ್ಕ್‌ಟಾಪಿನ ಹಾರ್ಡ್ ಡಿಸ್ಕ್ ತೆಗೆಸಿ ಅದಕ್ಕಿಂತ ವೇಗದ ಒಂದು ಎಸ್‌ಎಸ್‌ಡಿ ಹಾಕಿಸಿದೆ. ಸುಮ್ನೆ ನೋಡೋಣ ಅಂತ. ಆನ್ ಮಾಡಿ ಟೀ ಕುಡಿದು ಬರುವ ಅಭ್ಯಾಸ ಇದ್ದ ಮಷೀನು ಅರ್ಧ ನಿಮಿಷದಲ್ಲಿ ಎದ್ದು ಕೂತಿತು. ನುಡಿ, ಟ್ಯಾಲಿ, ಪೇಜ್‌ಮೇಕರ್ ಎಲ್ಲ ಅದರಲ್ಲೇ ನಡೆಯುತ್ತಿವೆ. ಒಂದೇ ತಕರಾರು, ಅಷ್ಟು ಹಳೇ ಚಿಪ್ಪಿಗೆ ವಿಂಡೋಸ್ 11 ಇಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ಅದರ ಇಂಟರ್ನೆಟ್ ತೆಗೆದಿದ್ದೇವೆ. ಬ್ಯಾಂಕಿನ ಕೆಲಸ ಬೇರೆ ಕಡೆ.

ನನಗೆ ಅಂತ, ಲ್ಯಾಪ್‌ಟಾಪ್ ಕೊಂಡ ಮುಂದಿನ ವರ್ಷ, ಚೀಟಿ ಎತ್ತಿ ಎಸ್‌ಪಿ ರೋಡಿಗೆ ಹೋದೆ. ಈ ಸಲ ಜೇಬಿನಲ್ಲಿ ಪೆನ್‌ಡ್ರೈವ್ ಇತ್ತು: ಅದೇ ಸೋನಿ ಕ್ಯಾಮೆರಾದ ಮೂರು ಕ್ಲಿಪ್, ಕುಂಕುಮ ಬಳಿದ ಆಲ್ಬಮಿನ ಒಂದು ಫೋಟೋಶಾಪ್ ಪಿಎಸ್‌ಡಿ. ಮೊದಲ ಅಂಗಡಿಯವನು ಐ5-12400ಎಫ್ ತೋರಿಸಿ "ಅದೇ ಚಿಪ್ ಸರ್, ರೇಟ್ ಕಮ್ಮಿ" ಅಂದ. ಎಫ್ ಅಂದರೆ ಒಳಗಿನ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. ನನ್ನ 4:2:2 ಬಿಚ್ಚೋದೇ ಆ ಭಾಗ! ಎಫ್ ಇಲ್ಲದ್ದು ಬೇಕು ಅಂದೆ. ಅವನು ನನ್ನನ್ನು ಒಂದು ಥರಾ ನೋಡಿದ. ನಾಲ್ಕನೇ ಅಂಗಡಿಯವರು ಮಾತ್ರ "ಬನ್ನಿ, ನಿಮ್ಮ ಕ್ಲಿಪ್ ಓಡಿಸೇ ನೋಡಿ" ಅಂತ ಕುರ್ಚಿ ಎಳೆದರು. ಮಾಂಗಲ್ಯಧಾರಣೆ ಒಂದೇ ಓಟದಲ್ಲಿ ಮುಗಿಯಿತು, ವಾಲಗದ ಜೊತೆಗೇ.

ಆ ಲ್ಯಾಪ್‌ಟಾಪ್ ಈಗ ಮಗನ ಹತ್ತಿರ ಇದೆ. ಕಾಲೇಜಿಗೆ ಒಯ್ಯುತ್ತಾನೆ, ಪ್ರಾಜೆಕ್ಟ್ ಬರೆಯುತ್ತಾನೆ, ಹಗುರ ಇದೆ, ಚಾರ್ಜ್ ಚೆನ್ನಾಗಿ ನಿಲ್ಲುತ್ತೆ ಅನ್ನುತ್ತಾನೆ. ಅವನ ಗೆಳೆಯರೆಲ್ಲ ಸ್ಟಿಕ್ಕರ್ ನೋಡಿ ಎಷ್ಟಾಯ್ತು ಅಂತ ಕೇಳುತ್ತಾರಂತೆ.